ಹತ್ತು ವಾರದ ಮಟ್ಟಿಗೆ ಒಂದು ಹಳೆಯ ಸೈಕಲ್: ನೆದರ್ಲೆಂಡ್ಸಿನಲ್ಲಿ ಕೊಂಡವರು ಅನುಭವ ತಿಳಿಸಬೇಕಾಗಿ ವಿನಂತಿ

ಶಿವಮೊಗ್ಗದ ನಿವೃತ್ತ:
ಎಲ್ಲರಿಗೂ ನಮಸ್ಕಾರ. ಮಗಳು ಉಟ್ರೆಕ್ಟ್‌ನಲ್ಲಿ ಓದುತ್ತಿದ್ದಾಳೆ. ಜೂನ್ ಮೊದಲ ವಾರದಿಂದ ಹತ್ತು ವಾರ ನಾನೂ ನನ್ನ ಮನೆಯವರೂ ಅವಳ ಬಳಿ ಇರಲಿದ್ದೇವೆ. ಅವಳು ತರಗತಿಗೆ ಹೋದ ಮೇಲೆ ಗೋಡೆ ನೋಡುತ್ತ ಕೂರುವ ಬದಲು, ‘ಮಾರ್ಕ್ಟ್‌ಪ್ಲಾಟ್ಸ್’ ಎಂಬ ಜಾಹೀರಾತು ತಾಣದಲ್ಲಿ ನೂರು ಯೂರೋ ಒಳಗೆ ಹಳೆಯ ಸೈಕಲ್ ಒಂದನ್ನು ಕೊಂಡು, ಸುತ್ತಾಡಿ, ಹೊರಡುವ ಮುನ್ನ ಮಾರಿಬಿಡಬೇಕೆಂದಿದ್ದೇನೆ. ನನ್ನ ಎತ್ತರ ಐದು ಅಡಿ ನಾಲ್ಕು ಅಂಗುಲ. ಬಲ ಮಂಡಿಯಲ್ಲಿ ನೋವಿರುವುದರಿಂದ ಕಾಲನ್ನು ಎತ್ತಿ ದಾಟಿಸಿ ಹತ್ತುವುದು ಕಷ್ಟ. ಡಚ್ ಭಾಷೆ ಬಾರದು, ಅಲ್ಲಿನ ಬ್ಯಾಂಕ್ ಖಾತೆಯೂ ಇಲ್ಲ. ಯಾವ ಅಳತೆಯ ಸೈಕಲ್ ಹುಡುಕಬೇಕು, ಹಣವನ್ನು ಹೇಗೆ ಕೊಡಬೇಕು ಎಂಬ ಎರಡು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ.

ಲೆಕ್ಕದ ಪುಸ್ತಕ:
ಸರ್, ಮೂರು ತಿಂಗಳ ಕೆಲಸಕ್ಕೆಂದು ಐಂಡ್‌ಹೋವನ್‌ಗೆ ಹೋಗಿದ್ದಾಗ ನಾನೂ ಹೀಗೆಯೇ ಯೋಚಿಸಿದ್ದೆ. 65 ಯೂರೋಗೆ ಸೈಕಲ್ ಸಿಕ್ಕಿತೆಂದು ಊರಿಗೆ ಫೋನ್ ಮಾಡಿ ಹೇಳಿಕೊಂಡದ್ದೂ ಉಂಟು. ಆಮೇಲಿನ ಲೆಕ್ಕವನ್ನು ಬರೆದಿಟ್ಟಿದ್ದೇನೆ. ಹಿಂದಿನ ಚಕ್ರಕ್ಕೆ ಕೂಡಿಸಿದ್ದ ಬೀಗದ ಕೀಲಿಯನ್ನು ಮಾರಿದಾತ ಕಳೆದುಕೊಂಡಿದ್ದ, ಹಾಗಾಗಿ ಹೊಸ ಬೀಗಕ್ಕೆ 24. ಆ ಬೀಗ ಚಕ್ರವನ್ನು ತಿರುಗದಂತೆ ಹಿಡಿಯುತ್ತದೆಯೇ ಹೊರತು ಸೈಕಲನ್ನು ಎತ್ತಿಕೊಂಡು ಹೋಗುವವನನ್ನು ತಡೆಯುವುದಿಲ್ಲವಾದ್ದರಿಂದ, ಕಂಬಿಗೆ ಸುತ್ತುವ ದಪ್ಪ ಸರಪಳಿಗೆ 38. ಮೂರನೆಯ ದಿನ ಹಿಂದಿನ ಟಯರಿನ ಪಕ್ಕ ಸೀಳಿತು: ಟಯರಿಗೆ 22, ಟ್ಯೂಬಿಗೆ 8, ಕೂಲಿ 27.50. ಕತ್ತಲಾದ ಮೇಲೆ ದೀಪವಿಲ್ಲದೆ ಓಡಿಸಿದರೆ ದಂಡ ಬೀಳುತ್ತದೆ, ಅದಕ್ಕೆ ದೀಪಗಳು 13, ಪಂಪು 12. ಒಟ್ಟು 209.50. ಹೊರಡುವಾಗ ಬೀಗ, ಸರಪಳಿ, ಪಂಪು ಎಲ್ಲವನ್ನೂ ಸೇರಿಸಿ 50ಕ್ಕೆ ಕೊಟ್ಟೆ. ನಿವ್ವಳ ನಷ್ಟ 159.50, ಅಂದರೆ ತಿಂಗಳಿಗೆ 53ಕ್ಕೂ ಹೆಚ್ಚು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು. ಮುಂದಿನ ಚಕ್ರಕ್ಕೆ ನೀಲಿ ಟಯರ್ ಹಾಕಿದ ಸೈಕಲ್‌ಗಳನ್ನು ಎಲ್ಲೆಡೆ ನೋಡುತ್ತೀರಿ, ಅವು ತಿಂಗಳ ಬಾಡಿಗೆಯವು ಮತ್ತು ಅವುಗಳ ರಿಪೇರಿ ಬಾಡಿಗೆಗೆ ಕೊಟ್ಟವರದ್ದೇ. ನನ್ನ ಪಕ್ಕದ ಮೇಜಿನವನು ಅದನ್ನು ತೆಗೆದುಕೊಂಡು ಮೂರು ತಿಂಗಳು ನನ್ನನ್ನು ನೋಡಿ ನಗುತ್ತಿದ್ದ.

ಪಂಕ್ಚರ್ ಅಂಗಡಿಯ ಮಗ:
ಟಯರ್ ಬದಲಿಸಲು ಇಪ್ಪತ್ತೇಳೂವರೆ ಯೂರೋ ಕೂಲಿ ಕೊಟ್ಟು, ಅದನ್ನು ಸೈಕಲಿನ ತಪ್ಪೆಂದು ಬರೆಯುವ ಧೈರ್ಯ ಬೇಕು. ನಮ್ಮ ತಂದೆಯವರು ದಾವಣಗೆರೆಯಲ್ಲಿ ಮೂವತ್ತು ವರ್ಷ ಸೈಕಲ್ ಅಂಗಡಿ ನಡೆಸಿದರು. ನಾನು ಗ್ರೋನಿಂಗನ್‌ಗೆ ಆರು ತಿಂಗಳಿಗೆಂದು ಹೋದಾಗ 30 ಯೂರೋಗೆ ಕೊಂಡ ಸೈಕಲಿನ ಮುಂದಿನ ಚಕ್ರ ಹಪ್ಪಳದಂತೆ ಬೆಂಡಾಗಿತ್ತು. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಎರಡು ಕಡ್ಡಿ ಹೊಸದಾಗಿ ಹಾಕಿ, ಒಂದು ಸಂಜೆಯಲ್ಲಿ ಬೆಂಡು ತೆಗೆದೆ. ಖರ್ಚಾದದ್ದು ಕಡ್ಡಿಗಳಿಗೂ ಅವನ್ನು ಬಿಗಿಯುವ ಒಂದು ನಿಪ್ಪಲ್ ಕೀಗೂ ಸೇರಿ ಏಳು ಯೂರೋ.

ಡಚ್ಚರ ಸೈಕಲ್‌ಗಳಲ್ಲಿ ಚೈನು ಪೂರ್ತಿ ಮುಚ್ಚಿರುವುದರಿಂದ ಹಿಂದಿನ ಚಕ್ರ ಬಿಚ್ಚುವುದು ದೊಡ್ಡ ಕೆಲಸ, ಇದನ್ನು ಒಪ್ಪುತ್ತೇನೆ. ಆದರೆ ಪಂಕ್ಚರಿಗೆ ಚಕ್ರವನ್ನು ಏಕೆ ಬಿಚ್ಚಬೇಕು? ಚಕ್ರ ಇದ್ದಲ್ಲೇ ಇರಲಿ, ಟಯರಿನ ಒಂದು ಬದಿ ಬಿಡಿಸಿ ಟ್ಯೂಬನ್ನು ಹೊರಗೆಳೆದು ನೀರಿನಲ್ಲಿ ಗುಳ್ಳೆ ನೋಡಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿದರೆ ಮುಗಿಯಿತು. ನಮ್ಮ ಅಂಗಡಿಯಲ್ಲಿಯೂ ಹಾಗೆಯೇ, ಅಲ್ಲಿಯೂ ಹಾಗೆಯೇ. ಅಷ್ಟೇಕೆ, ಅಲ್ಲಿನ ಸಾಮಾನ್ಯ ಸೈಕಲ್‌ಗಳ ಟ್ಯೂಬಿನ ವಾಲ್ ಕೂಡ ನಮ್ಮ ಹಳೆಯ ಕರಿ ಸೈಕಲ್‌ಗಳ ಜಾತಿಯದೇ. ಮೊದಲ ದಿನ ಅದನ್ನು ಕಂಡಾಗ ಕಣ್ಣಲ್ಲಿ ನೀರು ಬಂದಿತ್ತೆಂದರೆ ನೀವು ನಗುತ್ತೀರಿ. ಆರು ತಿಂಗಳ ನಂತರ ಅದೇ ಸೈಕಲನ್ನು 70ಕ್ಕೆ ಮಾರಿದೆ. ನಷ್ಟ ಸೈಕಲಿನದ್ದಲ್ಲ, ಕೈಯದ್ದು.

ಲೆಕ್ಕದ ಪುಸ್ತಕ:
ಅಂಗಡಿಯವರ ಮಗನಾಗಿ ಹುಟ್ಟುವ ಆಯ್ಕೆ ನನಗಿರಲಿಲ್ಲ. ಮಂಡಿ ನೋವಿರುವ ಹಿರಿಯರು ಬೀದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆಂಡು ತೆಗೆಯಬೇಕೆಂದು ಹೇಳುತ್ತಿದ್ದೀರಾ? ಅಂದಹಾಗೆ ನಿಮ್ಮ ಲೆಕ್ಕದಲ್ಲಿ ಬೀಗವೇ ಇಲ್ಲ. 37ಕ್ಕೆ ಬಿದ್ದ ಸೈಕಲನ್ನು ಆರು ತಿಂಗಳು ಬೀಗವಿಲ್ಲದೆ ನಿಲ್ಲಿಸಿದಿರಾ?

ಪಂಕ್ಚರ್ ಅಂಗಡಿಯ ಮಗ:
ಬೀಗವನ್ನು ಊರಿನಿಂದಲೇ ತಂದಿದ್ದೆ.

ಮರಳಿ ಕೊಟ್ಟವಳು:
ಬೆಲೆಯ ಬಗ್ಗೆ ಇಬ್ಬರೂ ಇಷ್ಟು ಹೇಳಿದ್ದೀರಿ, ಆ ಬೆಲೆ ಏಕೆ ಅಷ್ಟು ಕಡಿಮೆಯಿರುತ್ತದೆಂದು ಒಬ್ಬರೂ ಹೇಳಲಿಲ್ಲ. ನಾನು ಬೇಸಿಗೆ ತರಬೇತಿಗೆಂದು ಆಮ್‌ಸ್ಟರ್‌ಡಾಮಿನಲ್ಲಿ ಎಂಟು ವಾರವಿದ್ದೆ. ಜಾಹೀರಾತಿನಲ್ಲಿ 40 ಯೂರೋ ಎಂದಿತ್ತು. ಮಾರುವವನು ತನ್ನ ಮನೆಯ ವಿಳಾಸ ಕೊಡದೆ, ರಾತ್ರಿ ಒಂಬತ್ತೂವರೆಗೆ ಒಂದು ನಿಲ್ದಾಣದ ಹಿಂದೆ ಬರಹೇಳಿದ. ಸೀಟು ಎತ್ತರಿಸಿ ತಗ್ಗಿಸಿ ನೋಡಿದೆ, ಬ್ರೇಕು ಹಿಡಿದು ನೋಡಿದೆ, ಗಂಟೆ ಬಾರಿಸಿಯೂ ನೋಡಿದೆ. ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಮಾತ್ರ ನೋಡಲಿಲ್ಲ. ಹತ್ತೊಂಬತ್ತನೆಯ ದಿನ, ಐ ಎಂಬ ಜಲಮಾರ್ಗದ ಆಚೆಗೆ ಸೈಕಲ್ ಸಮೇತ ಪುಕ್ಕಟೆಯಾಗಿ ದಾಟಿಸುವ ದೋಣಿಯಲ್ಲಿ ನಿಂತಿದ್ದಾಗ, ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಬಂದು ಹಿಂದಿನ ಮಡ್‌ಗಾರ್ಡಿನ ಮೇಲಿದ್ದ ಹಸಿರು ಬಣ್ಣದ ಕಲೆಯನ್ನು ಬೆರಳಿನಿಂದ ಮುಟ್ಟಿದಳು. ಅದು ಅವಳದೇ ಕೋಣೆಯ ಕಿಟಕಿಗೆ ಬಳಿಯುವಾಗ ಬಿದ್ದ ಬಣ್ಣ. ಕಳುವಾದ ಕೀಲಿಯ ಜೋಡಿ ಇನ್ನೂ ಅವಳ ಗೊಂಚಲಿನಲ್ಲಿಯೇ ಇತ್ತು, ಹಾಕಿ ತಿರುಗಿಸಿದರೆ ಬೀಗ ತೆರೆಯಿತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಸೈಕಲನ್ನು ಅಲ್ಲಿಯೇ ಅವಳ ಕೈಗೆ ಕೊಟ್ಟು, ದೋಣಿ ಇಳಿದು ನಡೆದುಕೊಂಡು ಹೋದೆ.

ಅಲ್ಲಿನ ಕಾನೂನಿನಲ್ಲಿ, ಕದ್ದ ಮಾಲೆಂದು ಅನುಮಾನ ಬರಬೇಕಾಗಿದ್ದ ಸನ್ನಿವೇಶದಲ್ಲಿ ಕೊಳ್ಳುವುದೂ ಅಪರಾಧವೇ. ಪೊಲೀಸರ ‘ಸ್ಟಾಪ್ ಹೇಲಿಂಗ್’ ಎಂಬ ವ್ಯವಸ್ಥೆಯಲ್ಲಿ ಚೌಕಟ್ಟಿನ ಸಂಖ್ಯೆಯನ್ನು ಹಾಕಿದರೆ, ಅದು ಕಳುವಾಗಿದೆಯೆಂದು ದೂರು ದಾಖಲಾಗಿದ್ದಲ್ಲಿ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಮೂವತ್ತು ಯೂರೋಗೆ ಕೊಂಡೆನೆಂದು ಹೆಮ್ಮೆಪಡುವವರು ಆ ಸಂಖ್ಯೆಯನ್ನು ನೋಡಿದ್ದರೇ?

ಪಂಕ್ಚರ್ ಅಂಗಡಿಯ ಮಗ:
ಮೇಡಂ, ನಿಮಗಾದ ನೋವು ಅರ್ಥವಾಗುತ್ತದೆ. ಆದರೆ ನನ್ನನ್ನು ಕಳ್ಳಮಾಲಿನ ಗಿರಾಕಿಯೆಂದು ಸೂಚಿಸುವ ಅಗತ್ಯವಿರಲಿಲ್ಲ. ಹಗಲಿನಲ್ಲಿ, ಮಾರುವವರ ಮನೆಯ ಅಂಗಳದಲ್ಲಿ, ಅಜ್ಜಿಯೊಬ್ಬರು ಕೊಟ್ಟ ಕಾಫಿ ಕುಡಿದು ಕೊಂಡ ಸೈಕಲ್ ಅದು. ಬೆಂಡಾದ ಚಕ್ರದ ಸೈಕಲ್ ಮೂವತ್ತಕ್ಕೆ ಬರದೆ ಮುನ್ನೂರಕ್ಕೆ ಬರುತ್ತದೆಯೇ?

ಗಾಳಿಗೆದುರು:
ಅಷ್ಟು ಸೂಕ್ಷ್ಮವಾಗಬೇಕಿಲ್ಲ. ಆ ದೇಶದಲ್ಲಿ ಸೈಕಲ್ ಕಳೆದುಕೊಳ್ಳದವರು ಯಾರಿದ್ದಾರೆ? ನನ್ನವು ಎರಡು ಹೋದವು. ಮೂರನೆಯದನ್ನು ಕೊಳ್ಳುವಾಗ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ.

ಮರಳಿ ಕೊಟ್ಟವಳು:
ನಿಮ್ಮಂಥವರು ಕೇಳದೆ ಕೊಳ್ಳುವುದರಿಂದಲೇ ನಿಮ್ಮ ಮೊದಲೆರಡು ಹೋದವು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಇಷ್ಟವಿಲ್ಲ.

ಹೊಳೆಯ ದಂಡೆ:
ನನ್ನ ಪ್ರಸಂಗ ಜರ್ಮನಿಯದು, ಆದರೆ ಕೊಂಡು ಓಡಿಸಿ ಮಾರುವ ಯೋಜನೆ ಇದೇ. ಡ್ಯಾನ್ಯೂಬ್ ನದಿಯ ಗುಂಟ ಅಲ್ಲಿನ ಪಸ್ಸೌದಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಯಿದೆ. ಬಾಡಿಗೆಯ ಸೈಕಲ್ ತೆಗೆದುಕೊಂಡರೆ ಮರಳಿಸುವ ತಲೆನೋವೆಂದು, ‘ಕ್ಲೈನ್‌ಆನ್‌ಝೈಗನ್’ ತಾಣದಲ್ಲಿ ಹುಡುಕಿ 90 ಯೂರೋಗೆ ಮೂರು ಗೇರಿನ ಹಳೆಯ ಸೈಕಲ್ ಕೊಂಡೆ. ಬೆಲೆಯ ಪಕ್ಕದಲ್ಲಿ ‘ವಿ.ಬಿ.’ ಎಂಬ ಎರಡಕ್ಷರವಿದ್ದರೆ ಚೌಕಾಸಿಗೆ ಅವಕಾಶವಿದೆಯೆಂದು ಅರ್ಥ. ಅದು ನನಗೆ ತಿಳಿದದ್ದು ಕೇಳಿದಷ್ಟನ್ನೂ ಎಣಿಸಿ ಕೊಟ್ಟಾದ ಮೇಲೆ.

ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಸೈಕಲ್ ಅದು. ನಾವು ಸಿಗ್ನಲ್ಲಿನಲ್ಲಿ ನಿಲ್ಲುವ ಮೊದಲು ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಅನುಕೂಲವಾಗಿ ಇರಿಸಿಕೊಳ್ಳುತ್ತೇವಲ್ಲ, ಆ ಅಭ್ಯಾಸದಿಂದ ಮೊದಲ ದಿನ ಮೂರು ಸಲ ನಡುರಸ್ತೆಯಲ್ಲಿ ಗಕ್ಕನೆ ನಿಂತೆ. ಮೂರನೆಯ ಸಲ ಹಿಂದೆ ಬರುತ್ತಿದ್ದವರು ನನಗೆ ಗುದ್ದಿ, ನನಗೆ ತಿಳಿಯದ ಭಾಷೆಯಲ್ಲಿ ತಿಳಿಯುವಂತೆ ಬೈದರು. ಲಿಂಟ್ಸ್ ದಾಟಿ ಗ್ರೈನ್ ಇನ್ನೂ ದೂರವಿರುವಾಗ ಎಡಗಡೆಯ ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸಡಿಲಾಗಿ, ಪ್ರತಿ ಸುತ್ತಿಗೂ ಪೆಡಲು ‘ಟಕ್’ ಎನ್ನತೊಡಗಿತು. ಅಂದು ಭಾನುವಾರ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲ. ಹೊಳೆಯ ಕಲ್ಲಿನಿಂದ ಪಿನ್ನನ್ನು ಬಡಿದು ಆರು ಕಿಲೋಮೀಟರ್ ಹೋದೆ, ಇನ್ನೊಮ್ಮೆ ಬಡಿದು ಎರಡು ಹೋದೆ, ಆಮೇಲೆ ತಳ್ಳಿಕೊಂಡು ನಡೆದೆ. ಪಿನ್ನಿಗೆ 3 ಯೂರೋ, ಹಾಕಿದ ಕೂಲಿ 18, ಆ ಪಿನ್ನಿಗಾಗಿ ಉಳಿದ ಒಂದು ರಾತ್ರಿಯ ವಸತಿಗೆ 62. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಮಾತ್ರ ಈ ಎಲ್ಲ ಖರ್ಚನ್ನೂ ಮರೆತಿದ್ದೆ.

ವಿಯೆನ್ನಾ ತಲುಪಿದ್ದು ಗುರುವಾರ ಸಂಜೆ, ವಿಮಾನ ಶುಕ್ರವಾರ ಮಧ್ಯಾಹ್ನ. ಅಲ್ಲಿನ ‘ವಿಲ್‌ಹಾಬನ್’ ತಾಣದಲ್ಲಿ 60 ಎಂದು ಹಾಕಿದೆ, ರಾತ್ರಿ ಹತ್ತಕ್ಕೆ 40 ಎಂದು ತಿದ್ದಿದೆ. ಬೆಳಿಗ್ಗೆ ಎಂಟಕ್ಕೆ ಬರುತ್ತೇನೆಂದವನು ಹತ್ತಾದರೂ ಬರಲಿಲ್ಲ. ಕೊನೆಗೆ ವಸತಿಗೃಹದಲ್ಲಿ ಹಾಸಿಗೆ ಬದಲಿಸುವಾತ 15 ಕೊಟ್ಟು ಒಯ್ದ. ಕೊಳ್ಳುವವನಿಗೆ ನಮ್ಮ ವಿಮಾನದ ಸಮಯ ಗೊತ್ತಾದರೆ ಬೆಲೆ ಅವನದೇ.

ಮಡಿಚುವ ಸೈಕಲಿನವನು:
ಇದೆಲ್ಲ ದೊಡ್ಡ ಸೈಕಲಿನ ಪಾಡು. ನಾನು 120ಕ್ಕೆ ಮಡಿಚುವ ಸೈಕಲ್ ಕೊಂಡೆ. ಮಡಿಚಿಟ್ಟರೆ ಡಚ್ ರೈಲುಗಳಲ್ಲಿ ಅದು ಕೈಚೀಲಕ್ಕೆ ಸಮ, ಟಿಕೆಟ್ ಬೇಡ. ಬಿಡಿಸಿದ ಸೈಕಲಿಗಾದರೆ ಪ್ರತ್ಯೇಕ ಟಿಕೆಟ್ ಬೇಕು.

ಗಾಳಿಗೆದುರು:
ಪ್ರತ್ಯೇಕ ಟಿಕೆಟ್ ಕೊಂಡರಾಯಿತು, ಯಾವ ಹೊತ್ತಿನಲ್ಲಾದರೂ ಹತ್ತಿಸಬಹುದು. ಆ ಪುಟ್ಟ ಚಕ್ರಗಳಲ್ಲಿ ಎದುರುಗಾಳಿಗೆ ಇಪ್ಪತ್ತು ಕಿಲೋಮೀಟರ್ ತುಳಿದು ನೋಡಿ, ಆಮೇಲೆ ಮಾತನಾಡೋಣ.

ಲೆಕ್ಕದ ಪುಸ್ತಕ:
ತಪ್ಪು ಮಾಹಿತಿ ಕೊಡಬೇಡಿ. ವಾರದ ದಿನಗಳಲ್ಲಿ ಬೆಳಿಗ್ಗೆ 6:30ರಿಂದ 9ರವರೆಗೆ, ಸಂಜೆ 4ರಿಂದ 6:30ರವರೆಗೆ ಬಿಡಿಸಿದ ಸೈಕಲನ್ನು ಹತ್ತಿಸುವಂತಿಲ್ಲ. ಜುಲೈ ಮತ್ತು ಆಗಸ್ಟ್‌ನಲ್ಲಿ ಆ ನಿರ್ಬಂಧವಿಲ್ಲ. ಇವರು ಬರುವುದು ಜೂನ್‌ನಲ್ಲಿ. ನಿಮ್ಮ ಮಾತು ನಂಬಿ ಸಂಜೆ ಐದಕ್ಕೆ ನಿಲ್ದಾಣಕ್ಕೆ ಹೋದರೆ ಒಂದೂವರೆ ಗಂಟೆ ಕಂಬ ಕಾಯಬೇಕಾಗುತ್ತದೆ. ನಾನು ಕಾದಿದ್ದೇನೆ.

ಗಾಳಿಗೆದುರು:
ನಾನು ಹೋಗಿದ್ದು ಆಗಸ್ಟ್‌ನಲ್ಲಿ. ಅದನ್ನು ತಪ್ಪು ಮಾಹಿತಿ ಎನ್ನುವುದಾದರೆ, ಮೂರು ತಿಂಗಳಿಗೆ ನೂರೈವತ್ತೊಂಬತ್ತೂವರೆ ಯೂರೋ ಕಳೆದುಕೊಂಡವರು ಇತರರಿಗೆ ಲೆಕ್ಕ ಹೇಳುವುದನ್ನು ಏನೆನ್ನಬೇಕು?

ಶಿವಮೊಗ್ಗದ ನಿವೃತ್ತ:
ಎಲ್ಲರಿಗೂ ಕೃತಜ್ಞತೆಗಳು. ಮಗಳಿಗೆ ಓದಿ ಹೇಳಿದೆ. ಅವಳು, ಉಟ್ರೆಕ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗವಿದೆ, ಮೊದಲ 24 ಗಂಟೆ ಶುಲ್ಕವಿಲ್ಲ, ಕಾವಲೂ ಇದೆ, ಕಳವಿಗೆ ಅಷ್ಟು ಹೆದರಬೇಡಿ ಎಂದಳು. ಆದರೆ ಐದು ಅಡಿ ನಾಲ್ಕು ಅಂಗುಲದ ವಿಷಯ ಮತ್ತು ಹಣ ಕೊಡುವ ವಿಷಯ ಹಾಗೆಯೇ ಉಳಿದಿದೆ.

ಮರಳಿ ಕೊಟ್ಟವಳು:
ಸರ್, ಕ್ಷಮಿಸಿ, ಅದನ್ನು ಎಲ್ಲರೂ ಮರೆತೆವು. ಜಾಹೀರಾತುಗಳಲ್ಲಿ ಚೌಕಟ್ಟಿನ ಅಳತೆ ಸೆಂಟಿಮೀಟರಿನಲ್ಲಿರುತ್ತದೆ. ಡಚ್ಚರು ಉದ್ದನೆಯವರಾದ್ದರಿಂದ 57, 61 ಎಂಬವೇ ಹೆಚ್ಚಾಗಿ ಕಾಣುತ್ತವೆ, ನಿಮಗೆ 50ರ ಆಸುಪಾಸಿನದು ಬೇಕು. ಅಡ್ಡಕಂಬಿ ತಗ್ಗಿನಲ್ಲಿರುವುದಕ್ಕೆ ‘ಲಾಹೆ ಇನ್‌ಸ್ಟಾಪ್’ ಎನ್ನುತ್ತಾರೆ, ಆ ಪದ ಹಾಕಿ ಹುಡುಕಿ. ಅದು ಹೆಂಗಸರ ಸೈಕಲ್ ಎಂಬ ಸಂಕೋಚ ಬೇಡ, ಅಲ್ಲಿ ಗಂಡಸರೂ ಓಡಿಸುತ್ತಾರೆ. ಹಣವನ್ನು ಸೈಕಲ್ ನೋಡಿದ ಮೇಲೆ ಕೈಯಲ್ಲೇ ಕೊಡಿ. ಗುರುತು ಖಚಿತಪಡಿಸಿಕೊಳ್ಳಲು ಒಂದು ಸೆಂಟ್ ಕಳಿಸಿ ಎಂದು ಕೊಂಡಿ ಕಳಿಸುವವರು ಮೋಸಗಾರರು, ಅದನ್ನು ಒತ್ತಬೇಡಿ. ಮಗಳು ಒತ್ತಬಾರದೆಂದೂ ಹೇಳಿ.

ಪಂಕ್ಚರ್ ಅಂಗಡಿಯ ಮಗ:
ಮಂಡಿ ನೋವಿನವರಿಗೆ ಹಿಂದಕ್ಕೆ ತುಳಿಯುವ ಬ್ರೇಕ್ ಬೇಡ, ಕೈಬ್ರೇಕಿನದನ್ನೇ ನೋಡಿ. ಸೀಟನ್ನು ಸ್ವಲ್ಪ ಎತ್ತರಿಸಿಕೊಳ್ಳಿ, ಸೀಟು ತೀರ ತಗ್ಗಿದ್ದರೆ ಮಂಡಿ ಹೆಚ್ಚು ಮಡಚಿ ನೋವು ಜಾಸ್ತಿಯಾಗುತ್ತದೆ. ಇದನ್ನು ಹೇಳಲು ಅಂಗಡಿಯವರ ಮಗನಾಗಿಯೇ ಹುಟ್ಟಬೇಕಿಲ್ಲ.

ಶಿವಮೊಗ್ಗದ ನಿವೃತ್ತ:
ತುಂಬ ಉಪಕಾರವಾಯಿತು. ಮಗಳು ಈಗಷ್ಟೇ ಚಿತ್ರ ಕಳಿಸಿದ್ದಾಳೆ: 49ರ ಅಳತೆ, ತಗ್ಗಿನ ಕಂಬಿ, 75 ಯೂರೋ, ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುವುದಿಲ್ಲವೆಂದು ಮಾರುವವರೇ ಬರೆದಿದ್ದಾರೆ. ಇಲ್ಲಿಂದಲೇ ವಾಲಿಗೆ ತೊಡಿಸುವ ಸಣ್ಣ ರಬ್ಬರ್ ಕೊಳವೆಯಾದ ವಾಲ್ ಟ್ಯೂಬು, ಪ್ಯಾಚು, ಸೊಲ್ಯೂಷನ್ ತರಲೇ?

ಪಂಕ್ಚರ್ ಅಂಗಡಿಯ ಮಗ:
ವಾಲ್ ಟ್ಯೂಬ್ ಒಂದು ಗೇಣು ಸಾಕು. ಪ್ಯಾಚ್ ತನ್ನಿ. ಸೊಲ್ಯೂಷನ್ ಬೆಂಕಿ ಹತ್ತುವ ವಸ್ತು, ವಿಮಾನದಲ್ಲಿ ಬಿಡುವುದಿಲ್ಲ. ಅದನ್ನು ಅಲ್ಲಿಯೇ ಕೊಳ್ಳಿ.