ತಡವಾಗಿ ಬಂದರೆ 50 ರೂಪಾಯಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ದಾವಣಗೆರೆ ಅಂಗಡಿ, ಹೋಟೆಲಿನವರ ಗುಂಪಿಗೆ ನಮಸ್ಕಾರ. ಈ ವಾರ ಉತ್ತರ ಕೊಡುವವರು ಎಂಬಿಎ ಮಕ್ಕಳಿಗೆ ಪಾಠ ಮಾಡುವ ಮೇಡಂ. ಕೆಲಸಗಾರರು, ಗಿರಾಕಿ, ಬೆಲೆ, ಏನು ಬೇಕಾದರೂ ಕೇಳಿ. ಅಂಗಡಿ ಹೆಸರು ಹಾಕಬೇಡಿ.

ಚೌಕಿಪೇಟೆ ಕಿರಾಣಿ: ಮೇಡಂ, ಹುಡುಗರು ದಿನಾ ತಡ. 10 ನಿಮಿಷ ದಾಟಿದರೆ 50 ರೂಪಾಯಿ ಕಟ್ ಅಂತ ಬೋರ್ಡ್ ಹಾಕೋಣ ಅಂತಿದ್ದೇನೆ. ಸಂಬಳ 12 ಸಾವಿರ. ಸರಿನಾ?

ಮೇಡಂ: ಯಜಮಾನ್ರೇ, ಇದನ್ನೇ ಇಸ್ರೇಲಿನ ಹೈಫಾ ಊರಿನ ಮಕ್ಕಳ ಪಾಲನಾ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಚಿನಿ ಅನ್ನುವವರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ಒಟ್ಟು 10 ಕೇಂದ್ರ. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಅದರಲ್ಲಿ 6 ಕಡೆ ದಂಡ ಹಾಕಿದರು. ತಡ ಕಡಿಮೆ ಆಗಲಿಲ್ಲ, ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಮೊದಲು "ಟೀಚರ್ ಕಾಯ್ತಾ ಇರ್ತಾರಲ್ಲ" ಅನ್ನುವ ಮುಜುಗರ ಇತ್ತು. ದಂಡ ಬಂದ ಮೇಲೆ ದುಡ್ಡು ಕೊಟ್ಟರೆ ಮುಗೀತು. ಆಮೇಲೆ ದಂಡ ತೆಗೆದರೂ ತಡ ಇಳಿಯಲಿಲ್ಲ. ಕಳೆದುಹೋದ ಮುಜುಗರ ವಾಪಸ್ ಬರಲಿಲ್ಲ.

ಇನ್ನು ಕಾನೂನು. 2019ರ ವೇತನ ಸಂಹಿತೆ ಪ್ರಕಾರ ದಂಡ ಆ ಅವಧಿಯ ಸಂಬಳದ 3% ದಾಟುವ ಹಾಗಿಲ್ಲ. 12 ಸಾವಿರಕ್ಕೆ 360 ರೂಪಾಯಿ. ನಿಮ್ಮ 50ರ ಲೆಕ್ಕದಲ್ಲಿ ಎಂಟನೇ ದಿನಕ್ಕೆ ತಪ್ಪು ನಿಮ್ಮದೇ ಆಗುತ್ತದೆ. ಯಾವುದಕ್ಕೆ ದಂಡ ಅನ್ನುವುದಕ್ಕೂ ಮೊದಲೇ ಸರ್ಕಾರದ ಒಪ್ಪಿಗೆ ಬೇಕು, ಸುಮ್ನೆ ಬೋರ್ಡ್ ಬರೆದು ನೇತುಹಾಕಿದರೆ ಆಗಲ್ಲ. ವಸೂಲಾದ ದುಡ್ಡು ಕೂಡ ಕೆಲಸಗಾರರ ಒಳಿತಿಗೇ ಖರ್ಚಾಗಬೇಕು. ಮೊದಲು ಒಂದು ಕೆಲಸ ಮಾಡಿ. ಯಾರು ಎಲ್ಲಿಂದ ಬರುತ್ತಾರೆ ಕೇಳಿ. ಜಗಳೂರಿನ ಬಸ್ಸಿಗೆ ಬರುವ ಹುಡುಗ ಬಸ್ಸಿಗಿಂತ ಮುಂಚೆ ಬರಲಾರ. ಅವನಿಗೆ ಅರ್ಧ ಗಂಟೆ ಆಚೆ ಹಾಕಿ, ರಾತ್ರಿ ಬಾಗಿಲು ಹಾಕುವ ಕೆಲಸ ಕೊಡಿ.

ಹದಡಿ ರಸ್ತೆ ಮೊಬೈಲ್ ಅಂಗಡಿ: ಮೇಡಂ, ಲೇಟ್ ಆದರೆ ಅರ್ಧ ದಿನದ ಸಂಬಳ ಹಿಡಿಯಬಹುದಾ?

ಮೇಡಂ: ಎಷ್ಟು ಹೊತ್ತು ಕೆಲಸಕ್ಕೆ ಇರಲಿಲ್ಲವೋ ಅಷ್ಟಕ್ಕೇ ಹಿಡಿಯಬಹುದು. 20 ನಿಮಿಷಕ್ಕೆ ಅರ್ಧ ದಿನ ಆಗಲ್ಲ.

ನಿಟ್ಟುವಳ್ಳಿ ಬೇಕರಿ: ನಾನೂ ಒಬ್ಬಳನ್ನೇ ನಂಬಿದ್ದೇನೆ, ಅವಳೂ ತಡ. ದಂಡ ಹಾಕಲಾ ಮೇಡಂ?

ಮೇಡಂ: ಮೇಲೆ ಓದಿ.

ಪಿ.ಬಿ. ರಸ್ತೆ ಹೋಟೆಲ್: ಫಾರ್ವರ್ಡ್ ಬಂದಿದೆ: "ಹಾರ್ವರ್ಡ್ ಸಂಶೋಧನೆ! ಮೆನುವಿನಲ್ಲಿ 6 ಐಟಂ ಇಟ್ಟರೆ ವ್ಯಾಪಾರ 10 ಪಟ್ಟು!!" ನಮ್ಮಲ್ಲಿ 60 ಐಟಂ ಇದೆ. ತೆಗೆದುಬಿಡಲಾ?

ಮೇಡಂ: ಹಾರ್ವರ್ಡ್ ಅಲ್ಲ, ಹೋಟೆಲೂ ಅಲ್ಲ. ಅದು ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಬಾಟಲಿಗಳ ಪರೀಕ್ಷೆ. ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ರುಚಿ ನೋಡಲು 24 ಬಗೆ ಇಟ್ಟಾಗ, ನಿಂತು ನೋಡಿದವರಲ್ಲಿ ಸುಮಾರು 3% ಜನ ಕೊಂಡರು. 6 ಬಗೆ ಇಟ್ಟಾಗ ಸುಮಾರು 30%. ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಮುಂದೇನಾಯಿತು ಅಂತ ಯಾರೂ ಕಳಿಸಲ್ಲ. 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ಸರಾಸರಿ ಪರಿಣಾಮ ಹೆಚ್ಚು ಕಡಿಮೆ ಸೊನ್ನೆ. ಕೆಲವು ಕಡೆ ಕಡಿಮೆ ಆಯ್ಕೆ ಒಳ್ಳೆಯದಾಯಿತು, ಕೆಲವು ಕಡೆ ಜಾಸ್ತಿ ಆಯ್ಕೆಯೇ ಒಳ್ಳೆಯದಾಯಿತು. ನಿಮ್ಮ ಬಿಲ್ ಪುಸ್ತಕ ತೆಗೆದು ಎರಡು ವಾರದ ಲೆಕ್ಕ ಹಾಕಿ. ಯಾರೂ ಕೇಳದ ಐಟಂ ಮಾತ್ರ ಬಿಡಿ. ಬೆಣ್ಣೆ ದೋಸೆಗೆ ಬಂದವನು ಮೆನುವನ್ನೇ ನೋಡಲ್ಲ, ಅಲ್ವಾ?

ವಿದ್ಯಾನಗರ ಸ್ಟೇಷನರಿ: ಸಿಸಿಟಿವಿ ಹಾಕಿದರೆ ಕೆಲಸ ಜಾಸ್ತಿ ಆಗುತ್ತಾ ಮೇಡಂ?

ಹೆಸರು ಬೇಡ (ಸೀರೆ ಅಂಗಡಿ): ಮೇಡಂ, ನಾನು ಕೆಲಸಕ್ಕೆ ಇರುವವಳು, ಮಾಲೀಕರಲ್ಲ. ಕೇಳಬಹುದಾ? ಮದುವೆ ಸೀಸನ್ನಿನಲ್ಲಿ 6,400 ರೂಪಾಯಿಯ ಒಂದು ರೇಷ್ಮೆ ಸೀರೆ ಸಿಗಲಿಲ್ಲ. ನಾವು 8 ಹುಡುಗಿಯರು. ಒಬ್ಬೊಬ್ಬರಿಗೂ 800 ಕಟ್ ಅಂದಿದ್ದಾರೆ. ಅವತ್ತು ನಾನು ಬಿಲ್ಲಿಂಗ್ ಹತ್ತಿರ ಇದ್ದೆ, ಆ ಗಾದಿಗೇ ಹೋಗಿಲ್ಲ.

ಮೇಡಂ: ಖಂಡಿತ ಕೇಳಬಹುದಮ್ಮ. ಉಳಿದವರು ಸ್ವಲ್ಪ ಹೊತ್ತು ತಡೆಯಿರಿ, ಇದನ್ನು ಪೂರ್ತಿ ಬರೆಯುತ್ತೇನೆ.

ಮದುವೆ ಸೀಸನ್ನಿನ ಒಂದು ಮಧ್ಯಾಹ್ನ ಹೇಗಿರುತ್ತದೆ ಗೊತ್ತು. ಗಾದಿ ಮೇಲೆ ಎರಡು ಮನೆಯವರು ಒಟ್ಟಿಗೆ ಕೂತಿರುತ್ತಾರೆ. ಒಬ್ಬ ಹುಡುಗಿ 40 ಸೀರೆ ಬಿಚ್ಚಿರುತ್ತಾಳೆ. ಒಂದರ ಸೆರಗಿನ ಮೇಲೆ ಇನ್ನೊಂದು. ಅಜ್ಜಿ ಒಂದನ್ನು ಬೆಳಕಿಗೆ ಹಿಡಿದು ಬಾಗಿಲ ತನಕ ಹೋಗುತ್ತಾರೆ. ಅಷ್ಟರಲ್ಲಿ ಮೇಲಿನ ಮಹಡಿಯಿಂದ "ಇನ್ನೊಂದು ಕಟ್ಟು ತಾ" ಅಂತ ಕೂಗು. ಹೋದ ಸೀರೆ ಯಾರ ಕೈಯಲ್ಲಿ ಹೋಯಿತು ಅಂತ ದೇವರಿಗೂ ಹೇಳಲಾಗದು. ಹಾಗಿರುವಾಗ 8 ಜನಕ್ಕೆ ಹಂಚಿಬಿಡುವುದು ಮಾಲೀಕರಿಗೆ ಸುಲಭ.

ಕಾನೂನಿನಲ್ಲಿ ಅದಕ್ಕೆ ಜಾಗ ಇಲ್ಲ. ಮಾಲು ಆ ಕೆಲಸಗಾರರ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವರದೇ ನಿರ್ಲಕ್ಷ್ಯದಿಂದ ಆಗಿರಬೇಕು. ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಹಿಡಿದದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಬಿಲ್ಲಿಂಗ್ ಹತ್ತಿರ ಇದ್ದವರಿಗೆ ಗಾದಿಯ ಸೀರೆಯ ಲೆಕ್ಕ ಹೇಗೆ ಹಚ್ಚುತ್ತಾರೆ?

ಮಾಲೀಕರಿಗೂ ಒಂದು ಮಾತು. 800 ರೂಪಾಯಿ ಹೋದ ಹುಡುಗಿ ಮುಂದಿನ ವಾರ 41ನೇ ಸೀರೆ ಬಿಚ್ಚುವುದಿಲ್ಲ. ಬಿಚ್ಚಿದಷ್ಟೂ ಅವಳಿಗೇ ಅಪಾಯ. ಗಿರಾಕಿ "ಬೇರೆ ತೋರಿಸಮ್ಮ" ಅಂದಾಗ "ಇಷ್ಟೇ ಇರೋದು" ಅನ್ನುತ್ತಾಳೆ. ಆ ಮನೆಯವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣಲ್ಲ. ಗಾದಿಗೆ ಬಂದ ಕಟ್ಟು, ವಾಪಸ್ ಹೋದ ಕಟ್ಟು ಎಣಿಸಿ ಬರೆಯಲು ಒಬ್ಬರನ್ನು ಇಡಿ.

ಮಂಡಿಪೇಟೆ ಜವಳಿ: ಮೇಡಂ, ಕಳ್ಳತನ ಆದರೆ ನಾವು ಸುಮ್ನೆ ಕೂರಬೇಕಾ? ಬಂಡವಾಳ ನಮ್ಮದು.

ಹರಿಹರದ ಅಣ್ಣ: ನನ್ನ ತಂಗಿ ಇಂಥದ್ದೇ ಅಂಗಡಿಯಲ್ಲಿ ಇದ್ದಾಳೆ. ಬೆಳಿಗ್ಗೆ 9ರಿಂದ ರಾತ್ರಿ 9 ನಿಂತೇ ಇರಬೇಕು, ಒಂದು ಸ್ಟೂಲ್ ಇಲ್ಲ. ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಾಳೆ. ಮೊದಲು ಅದನ್ನು ಮಾತಾಡಿ ಯಜಮಾನ್ರೇ.

ಮಂಡಿಪೇಟೆ ಜವಳಿ: ಗಿರಾಕಿ ಬಂದಾಗ ಕೂತಿದ್ದರೆ ಮರ್ಯಾದೆನಾ?

ಹರಿಹರದ ಅಣ್ಣ: ಗಿರಾಕಿ ಇಲ್ಲದಾಗ ಕೂತರೆ ಏನು ಹೋಗುತ್ತೆ ನಿಮ್ಮದು?

ಅಶೋಕ ರಸ್ತೆ ಫ್ಯಾನ್ಸಿ: ಕೇರಳದಲ್ಲಿ ಕೂರುವ ಹಕ್ಕಿಗೆ ಕಾನೂನೇ ಇದೆಯಂತೆ.

ಮಂಡಿಪೇಟೆ ಜವಳಿ: ಹಾಗಾದರೆ ಕೇರಳಕ್ಕೆ ಹೋಗಿ ಅಂಗಡಿ ಇಡಿ.

ಹರಿಹರದ ಅಣ್ಣ: ನೀವೊಂದು ದಿನ 12 ತಾಸು ನಿಂತು ನೋಡಿ, ಆಮೇಲೆ ಮಾತಾಡೋಣ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ಮೇಡಂ: ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ತಂದರು. ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಹೋರಾಡಿದ್ದರಿಂದಲೇ ಕೇರಳದಲ್ಲಿ ಬಂತು. ಸ್ಟೂಲ್ ಇಡಲು ಕಾನೂನಿಗೆ ಕಾಯಬೇಕಾಗಿಲ್ಲ. ಮತ್ತೆ ಜವಳಿಯವರೇ, ಕಳ್ಳತನ ಆದರೆ ಪೊಲೀಸರಿಗೆ ದೂರು ಕೊಡಿ. ಸಂಬಳದಿಂದ ಹಿಡಿಯುವುದು ದೂರಲ್ಲ.

ನಿಟ್ಟುವಳ್ಳಿ ಬೇಕರಿ: 99 ಅಂತ ಬೆಲೆ ಹಾಕಿದರೆ ನಡೆಯುತ್ತಾ?

ಮೇಡಂ: ಆಂಡರ್ಸನ್ ಮತ್ತು ಸಿಮೆಸ್ಟರ್ 2003ರಲ್ಲಿ ತೋರಿಸಿದ್ದಾರೆ: ಒಂದೇ ಉಡುಪು 34 ಡಾಲರಿಗಿಂತ 39ಕ್ಕೆ ಹೆಚ್ಚು ಹೋಯಿತು. ಅದು ಅಂಚೆಯಲ್ಲಿ ತರಿಸುವ ಬಟ್ಟೆಯ ಮಾತು. ದಿನಾ ಬರುವ ಗಿರಾಕಿಗೆ ಬನ್ನಿನ ಬೆಲೆ ಬಾಯಿಪಾಠ.

ವಿದ್ಯಾನಗರ ಸ್ಟೇಷನರಿ: ಮೇಡಂ ಸಿಸಿಟಿವಿ...

ಹದಡಿ ರಸ್ತೆ ಮೊಬೈಲ್ ಅಂಗಡಿ: ಇದು ಎಲ್ಲರಿಗೂ ಉಪಯೋಗ ಆಗುತ್ತೆ. ಫಾರ್ವರ್ಡ್: "ಕೆಲಸಗಾರರು ಬಿಟ್ಟು ಹೋಗದಂತೆ ಜಪಾನಿ ಸೂತ್ರ. ಮೊದಲ ತಿಂಗಳ ಸಂಬಳ ಹಿಡಿದಿಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಿ. 90% ಜನ ಬಿಡಲ್ಲ."

ಮೇಡಂ: ದಯವಿಟ್ಟು ಇದನ್ನು ಅಳಿಸಿ. ಯಾರು ಮಾಡಿದ್ದು, ಯಾವ ವರ್ಷ, ಎಷ್ಟು ಜನರ ಮೇಲೆ? ಒಂದೂ ಇಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಮಾರ್ಕ್ಸ್ ಕಾರ್ಡ್ ಆ ಮಗುವಿನ ಆಸ್ತಿ, ಅದನ್ನು ಒತ್ತೆ ಇಟ್ಟುಕೊಳ್ಳಲು ನಿಮಗೆ ಹಕ್ಕಿಲ್ಲ. ಈಗಾಗಲೇ ಇಟ್ಟುಕೊಂಡವರು ನಾಳೆಯೇ ವಾಪಸ್ ಕೊಡಿ.

ಹದಡಿ ರಸ್ತೆ ಮೊಬೈಲ್ ಅಂಗಡಿ: ಬಂದಿದ್ದನ್ನು ಹಾಕಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಮೇಡಂ: ಬಂದಿದ್ದನ್ನು ಹಾಕುವುದರಿಂದಲೇ ಯಾರದೋ ಮನೆಯ ಸಂಬಳ ನಿಲ್ಲುತ್ತದೆ.

ಚಾಮರಾಜಪೇಟೆ ಕ್ಲಿನಿಕ್ ಮ್ಯಾನೇಜರ್: ನಮ್ಮಲ್ಲಿ 12 ಜನ. ಲೈಂಗಿಕ ಕಿರುಕುಳದ ಸಮಿತಿ ಬೇಕಾ?

ಮೇಡಂ: ಬೇಕು. 2013ರ ಕಾಯ್ದೆ, 10 ಜನರಿಂದ ಮೇಲೆ ಕಡ್ಡಾಯ. ಅಧ್ಯಕ್ಷರು ಹೆಣ್ಣುಮಗಳೇ ಆಗಬೇಕು, ಹೊರಗಿನ ಒಬ್ಬರು ಇರಬೇಕು.

ಚೌಕಿಪೇಟೆ ಕಿರಾಣಿ: ಹಾಗಾದರೆ 50ರ ಬದಲು 40 ಹಾಕಿದರೆ?

ಮಂಡಿಪೇಟೆ ಜವಳಿ: ಈ ಗುಂಪು ಮಾಲೀಕರದ್ದೋ, ಕೆಲಸಗಾರರದ್ದೋ?

ಹೆಸರು ಬೇಡ (ಸೀರೆ ಅಂಗಡಿ): ಮೇಡಂ, ನಮಗೆ ಸಂಬಳದ ಚೀಟಿಯನ್ನೇ ಕೊಡಲ್ಲ. ಕೈಗೆ ದುಡ್ಡು ಅಷ್ಟೇ. ನಾನೊಬ್ಬಳೇ ಕೇಳಿದರೆ ಬರಬೇಡ ಅಂದುಬಿಡುತ್ತಾರೆ.

ಮೇಡಂ: ಒಬ್ಬಳೇ ಹೋಗಬೇಡಿ, 8 ಜನ ಒಟ್ಟಿಗೆ ಹೋಗಿ. ಜಗಳ ಬೇಡ. "ಎಷ್ಟು ಹಿಡಿದಿದ್ದೀರಿ, ಯಾಕೆ, ಬರೆದು ಕೊಡಿ" ಅಂತ ಮಾತ್ರ ಕೇಳಿ. ಚೀಟಿ ಕೊಡುವುದು ಅವರ ಕರ್ತವ್ಯ. ಕೊಡದಿದ್ದರೆ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಹಾಕೋಣ, ನಾನೇ ಬರೆದು ಕೊಡುತ್ತೇನೆ. ಆ ದಿನ ಬಿಲ್ಲಿಂಗಿನಲ್ಲಿ ಇದ್ದಿರಿ ಅನ್ನಲು ಬಿಲ್ಲಿನ ಮೇಲೆ ನಿಮ್ಮ ಸಹಿ ಇದ್ದರೆ ಅದರ ಫೋಟೋ ತೆಗೆದಿಡಿ. ಗುಂಪಿನಲ್ಲಿ ಹಾಕಬೇಡಿ, ನನಗೆ ಮಾತ್ರ ಕಳಿಸಿ.