ಮಡಕೆಯ ಮೇಲಿನ ಗೀರುಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ಸೋಮವಾರಪೇಟೆಯಿಂದ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ದಕ್ಷಿಣ ಭಾರತದ ಬೃಹತ್‌ಶಿಲಾ ಸಮಾಧಿಗಳಲ್ಲಿ, ಅಂದರೆ ಕಬ್ಬಿಣದ ಕಾಲದ ಜನ ದೊಡ್ಡ ಕಲ್ಲುಗಳಿಂದ ಕಟ್ಟಿದ ಸಮಾಧಿಗಳಲ್ಲಿ, ಮತ್ತು ಅದೇ ಕಾಲದ ಊರುನೆಲೆಗಳಲ್ಲಿ ಸಿಗುವ ಮಡಕೆಗಳ ಮೇಲೆ ಗೀರಿ ಮಾಡಿದ ಗುರುತುಗಳಿರುತ್ತವೆ. ಏಣಿಯಂಥದ್ದು, ಬಾಣದಂಥದ್ದು, ಮೀನಿನಂಥದ್ದು, ತ್ರಿಕೋನ, ಅಡ್ಡಗೆರೆ ಎಳೆದ ಕಂಬ, ಹೀಗೆ. ಪುರಾತತ್ತ್ವದವರು ಇವುಗಳನ್ನು ‘ಗ್ರಾಫಿಟಿ’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು? ಗೀಚುಬರಹ, ರೇಖಾಚಿಹ್ನೆ, ಸಂಕೇತ, ಕುಂಬಾರರ ಗುರುತು, ಲಿಪಿ ಎಂದೆಲ್ಲ ಬರೆಯುವುದನ್ನು ಓದಿದ್ದೇನೆ. ಇವು ಒಂದಕ್ಕೊಂದು ಸಮಾನಾರ್ಥಕ ಪದಗಳಲ್ಲ. ಒಂದೊಂದು ಪದವೂ ಒಂದೊಂದು ತೀರ್ಪು ಕೊಡುತ್ತದೆ, ಅದೂ ವಿಚಾರಣೆ ಮುಗಿಯುವ ಮೊದಲೇ.

ಕೇಳುವುದಕ್ಕೆ ಕಾರಣವಿದೆ. ನಮ್ಮ ದೊಡ್ಡಮಳ್ತೆಯ ಮೋರಿಬೆಟ್ಟದಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಸಮಾಧಿಗಳಿವೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮುನ್ನ ಓದಿಸಲೆಂದು ನಾವು ಕೆಲವರು ಸೇರಿ ಒಂದು ವಿವರಣಾ ಫಲಕವನ್ನು ಸಿದ್ಧಪಡಿಸುತ್ತಿದ್ದೇವೆ. ಆ ಕಾಲದ ಜನ, ಅವರ ಕಬ್ಬಿಣ, ಅವರ ಕಪ್ಪು-ಕೆಂಪು ಮಡಕೆ, ಮಡಕೆಯ ಮೇಲಿನ ಗುರುತು ಎಲ್ಲಕ್ಕೂ ಅದರಲ್ಲಿ ನಾಲ್ಕು ನಾಲ್ಕು ಸಾಲು. ಮೊದಲ ಕರಡಿನಲ್ಲಿ ‘ಮಡಕೆಗಳ ಮೇಲಿನ ಪ್ರಾಚೀನ ಲಿಪಿ’ ಎಂದಿತ್ತು. ಇನ್ನೊಬ್ಬರು ಅದನ್ನು ‘ಗೀಚುಬರಹ’ ಎಂದು ತಿದ್ದಿದರು. ಎರಡಕ್ಕೂ ನನ್ನ ಒಪ್ಪಿಗೆ ಇಲ್ಲ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಫಲಕದ ಮೇಲೆ ಓದಿದ ಪದ ಬಹಳ ಕಾಲ ಮನಸ್ಸಿನಲ್ಲಿ ಉಳಿಯುತ್ತದೆ.

ಹೆಸರು ಕಥೆಯನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಈ ಸಮಾಧಿಗಳೇ ಸಾಕ್ಷಿ. ಕೊಡಗಿನಲ್ಲಿ ಇವು ಪಾಂಡವರ ಮನೆಗಳು, ಕೊಡವರಲ್ಲಿ ಪಾಂಡುಪಾರೆ. ವನವಾಸದಲ್ಲಿ ಪಾಂಡವರು ಇಲ್ಲಿ ತಂಗಿದ್ದರು ಎಂಬ ಮಾತು ಹೆಸರಿನ ಹಿಂದೆಯೇ ಬರುತ್ತದೆ. ಗಂಗಾವತಿಯ ಹಿರೇಬೆಣಕಲ್ಲಿನಲ್ಲಿ ಇಂಥದೇ ನೆಲೆ ಮೋರ್ಯರ ಗುಡ್ಡ. ಅಲ್ಲಿ ಮೋರ್ಯರೆಂದರೆ ಕುಳ್ಳ ಜನ ಎಂಬ ಕಥೆ ಒಂದು ಕಡೆ, ಮೌರ್ಯ ಅರಸರು ಎಂಬ ಊಹೆ ಇನ್ನೊಂದು ಕಡೆ. 1860ರ ದಶಕದ ಕೊನೆಯಲ್ಲಿ ಮೆಕೆಂಜಿ, ಕೋಲ್ ಎಂಬ ಬ್ರಿಟಿಷ್ ಸೇನಾಧಿಕಾರಿಗಳು ಕೊಡಗಿನ ಇಂಥ ಸಮಾಧಿಗಳನ್ನು ತೆರೆಸಿದಾಗ ಒಳಗೆ ಕಂಡದ್ದು ಮಡಕೆ, ಕಬ್ಬಿಣದ ಸಾಮಾನು, ಮಣಿ. ಜನರ ಬಾಯಲ್ಲಿ ಮಾತ್ರ ಅವು ಇಂದಿಗೂ ಪಾಂಡವರ ಮನೆಗಳೇ. ಜನಪದದ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಅದು ಉಳಿಯಬೇಕು. ನಾವು ಇಂದು ಕೂತು ಆರಿಸುವ ಪದಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ.

ಈಗ ಗುರುತುಗಳ ವಿಷಯಕ್ಕೆ ಬರುತ್ತೇನೆ. ಇಂಥ ಒಂದು ಚೂರನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ಒಡ್ಡಿ ನೋಡಬೇಕು. ಹಸಿಮಣ್ಣಿನ ಮೇಲೆ ಎಳೆದ ಗೆರೆಯಾದರೆ ಅದರ ಎರಡೂ ಅಂಚಿನಲ್ಲಿ ಮಣ್ಣು ಸಣ್ಣಗೆ ಉಬ್ಬಿ ನಿಂತಿರುತ್ತದೆ, ತಳ ನುಣುಪಾಗಿರುತ್ತದೆ. ಸುಟ್ಟ ಮೇಲೆ ಎಳೆದದ್ದಾದರೆ ಉಜ್ಜಿ ತಂದ ಮೆರುಗು ಅಂಚಿನಲ್ಲಿ ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ, ಗೆರೆಯೊಳಗೆ ಮಣ್ಣಿನ ಮಸುಕು ಬಣ್ಣ ಕಾಣುತ್ತದೆ. ಒಂದೇ ಗೆರೆಯ ಮೇಲೆ ಚೂಪು ಮೊನೆಯನ್ನು ಹಲವು ಬಾರಿ ಓಡಿಸಿದ್ದೂ ತಿಳಿಯುತ್ತದೆ. ದಕ್ಷಿಣದ ಬೃಹತ್‌ಶಿಲಾ ಮಡಕೆಗಳ ಗುರುತುಗಳಲ್ಲಿ ಹೆಚ್ಚಿನವು ಸುಟ್ಟ ಮೇಲೆ ಬಿದ್ದವು. ಅಲ್ಲಿಗೆ ‘ಕುಂಬಾರರ ಗುರುತು’ ಎಂಬ ಪದ ಬಹುಪಾಲು ಮಡಕೆಗಳಿಗೆ ಸಲ್ಲುವುದಿಲ್ಲ. ಮಡಕೆ ಆವಿಗೆಯಿಂದ ಹೊರಬಂದ ಮೇಲೆ, ಪ್ರಾಯಶಃ ಕೊಂಡವರ ಅಥವಾ ಬಳಸಿದವರ ಕೈಯಲ್ಲಿ, ಗುರುತು ಬಿದ್ದಿದೆ. ಮದುವೆಗೆ ಕೊಟ್ಟ ಹಿತ್ತಾಳೆ ಪಾತ್ರೆಯ ಕಂಠದ ಮೇಲೆ ಅಂಗಡಿಯಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಹಾಕಿಸುತ್ತೇವಲ್ಲ, ಅದಕ್ಕೆ ಇದು ಹತ್ತಿರದ ಕೆಲಸ ಎಂದು ನನಗನ್ನಿಸುತ್ತದೆ. ಆದರೆ ಇದೂ ಊಹೆಯೇ. ಒಡೆತನಕ್ಕೋ, ಕುಲಕ್ಕೋ, ಸತ್ತವರ ಹೆಸರಿಗೋ, ಹರಕೆಗೋ ಹಾಕಿದ್ದು ಎಂದು ಬೇರೆ ಬೇರೆ ವಿದ್ವಾಂಸರು ಬೇರೆ ಬೇರೆ ಹೇಳಿದ್ದಾರೆ. ಆದ್ದರಿಂದ ‘ಲಾಂಛನ’, ‘ಮುದ್ರೆ’ ಎಂಬ ಪದಗಳನ್ನೂ ಬಿಡುವುದೇ ಒಳ್ಳೆಯದು. ಮುದ್ರೆ ಎಂದರೆ ಒತ್ತಿದ್ದು. ಸಿಂಧೂ ಬಯಲಿನ ಬಳಪದ ಕಲ್ಲಿನ ಮುದ್ರೆಗಳಿಗೆ ಆ ಪದ ಆಗಲೇ ನಿಂತುಹೋಗಿದೆ, ಅಲ್ಲಿ ಅದು ಸರಿಯೂ ಹೌದು.

ನಿಜವಾದ ಜಗಳ ಇರುವುದು ‘ಲಿಪಿ’ಯಲ್ಲಿ.

ಈ ಗೀರುಗಳನ್ನು ಲಿಪಿ ಎನ್ನುವವರು ಸಿಂಧೂ ಬಯಲಿನ ಚಿಹ್ನೆಗಳತ್ತ ಬೆರಳು ತೋರಿಸುತ್ತಾರೆ, ಆದ್ದರಿಂದ ಮೊದಲು ಅವುಗಳ ಮಾತು. ಅಂಥ ಚಿಹ್ನೆಗಳಿದ್ದ ಹರಪ್ಪದ ಮುದ್ರೆಯೊಂದರ ಚಿತ್ರವನ್ನು ಪುರಾತತ್ತ್ವ ಇಲಾಖೆಯ ಮುಖ್ಯಸ್ಥ ಕನ್ನಿಂಗ್‌ಹ್ಯಾಮ್ 1875ರಲ್ಲೇ ಪ್ರಕಟಿಸಿದ್ದರು. ಅದರ ಹಿಂದೆ ಒಂದು ನಾಗರಿಕತೆಯೇ ಇದೆ ಎಂದು ಮುಂದೆ ಅದೇ ಇಲಾಖೆಯ ಮುಖ್ಯಸ್ಥರಾದ ಮಾರ್ಷಲ್ ಲೋಕಕ್ಕೆ ಸಾರಿದ್ದು 1924ರಲ್ಲಿ. ಅಂದಿನಿಂದ ಆ ಚಿಹ್ನೆಗಳನ್ನು ಓದಿದ್ದೇವೆ ಎಂದವರು ಎಷ್ಟೋ ಮಂದಿ. ಒಬ್ಬರ ಓದನ್ನು ಇನ್ನೊಬ್ಬರು ಒಪ್ಪಿಲ್ಲ. ಲಿಪಿತಜ್ಞ ಐರಾವತಂ ಮಹಾದೇವನ್ 1977ರಲ್ಲಿ 417 ಚಿಹ್ನೆಗಳ ಪಟ್ಟಿ ಮಾಡಿಕೊಟ್ಟರು. ಅವರೂ ಫಿನ್ಲೆಂಡಿನ ವಿದ್ವಾಂಸ ಪರ್ಪೋಲ ಅವರೂ ಅದರ ಹಿಂದೆ ದ್ರಾವಿಡ ಭಾಷೆಯೊಂದನ್ನು ಕಂಡರು. 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಸೆಲ್ ಎಂಬ ಮೂವರು ವಿದ್ವಾಂಸರು ಸೇರಿ ಅದು ಭಾಷೆಯನ್ನು ಬರೆಯುವ ಲಿಪಿಯೇ ಅಲ್ಲ ಎಂದು ವಾದಿಸಿದರು. ಬರಹಗಳು ಸರಾಸರಿ ಐದು ಚಿಹ್ನೆಗಳಷ್ಟು ಚಿಕ್ಕವು ಎಂಬುದು ಅವರ ಮುಖ್ಯ ಆಧಾರಗಳಲ್ಲಿ ಒಂದು. ಐದು ವರ್ಷದ ನಂತರ ಇನ್ನೊಂದು ತಂಡ ಚಿಹ್ನೆಗಳ ಜೋಡಣೆಯನ್ನು ಗಣಿತದಿಂದ ಅಳೆದು, ಅದರಲ್ಲಿ ಭಾಷೆಯಂಥ ಕ್ರಮವಿದೆ ಎಂದಿತು. ಹೀಗೆ ಸಿಂಧೂ ಚಿಹ್ನೆಗಳೇ ಲಿಪಿಯೋ ಅಲ್ಲವೋ ಎಂಬ ಮಾತು ಇನ್ನೂ ನಡೆಯುತ್ತಿದೆ.

ಅವುಗಳ ಜೊತೆಗೆ ನಮ್ಮ ದಕ್ಷಿಣದ ಮಡಕೆಗಳ ಗೀರುಗಳನ್ನು ಗಂಟುಹಾಕಿದ ಮುಖ್ಯ ಲೇಖನ ಪುರಾತತ್ತ್ವಜ್ಞ ಬಿ.ಬಿ. ಲಾಲ್ ಅವರದು, 1960ರದು. ಬೃಹತ್‌ಶಿಲಾ ಗುರುತುಗಳಲ್ಲಿ ಶೇಕಡಾ 89ರಷ್ಟು ಹರಪ್ಪ ಮತ್ತು ತಾಮ್ರಶಿಲಾಯುಗದ ಗುರುತುಗಳಿಗೆ ಹೋಲುತ್ತವೆ ಎಂದು ಅವರು ತೋರಿಸಿದರು. ತಮಿಳುನಾಡಿನಲ್ಲಿ ಪುರಾತತ್ತ್ವಜ್ಞರಾದ ಕೆ. ರಾಜನ್ ಮತ್ತು ಆರ್. ಶಿವಾನಂದಂ 140 ನೆಲೆಗಳ 15,000ಕ್ಕೂ ಹೆಚ್ಚು ಚೂರುಗಳನ್ನು ದಾಖಲಿಸಿ, ಅಲ್ಲಿನ ಗುರುತುಗಳಲ್ಲಿ ಸುಮಾರು ಶೇಕಡಾ 60ಕ್ಕೆ ಸಿಂಧೂ ಚಿಹ್ನೆಗಳಲ್ಲಿ ಸಮಾನವಾದವು ಇವೆ ಎಂದಿದ್ದಾರೆ. 2025ರ ಜನವರಿಯಲ್ಲಿ ಅಲ್ಲಿನ ಮುಖ್ಯಮಂತ್ರಿಗಳು ಸಿಂಧೂ ಲಿಪಿಯನ್ನು ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದ ಮೇಲಂತೂ ನಮ್ಮ ಪತ್ರಿಕೆಗಳಲ್ಲೂ ‘ಮಡಕೆ ಲಿಪಿ’ ಎಂಬ ಮಾತು ಓಡಾಡತೊಡಗಿದೆ.

ಚೂರುಗಳನ್ನು ಒಂದೊಂದಾಗಿ ಎತ್ತಿ ದಾಖಲಿಸಿದ ಆ ಶ್ರಮವನ್ನು ಗೌರವಿಸುತ್ತೇನೆ. ಕರ್ನಾಟಕದಲ್ಲೂ ಅಂಥ ಕೆಲಸ ಅಷ್ಟೇ ವಿಸ್ತಾರವಾಗಿ ಆಗಬೇಕು ಎಂಬುದು ನನ್ನ ಆಸೆ. ಆದರೆ ಹೋಲಿಕೆ ಬೇರೆ, ಹುಟ್ಟು ಬೇರೆ. ಕೂಡು ಗುರುತು, ತ್ರಿಕೋನ, ಏಣಿ, ಬಾಣ ಇವು ಗೆರೆ ಎಳೆಯುವ ಯಾವ ಕೈಗೂ ಸಿಗುವ ಆಕಾರಗಳು. ಹರಪ್ಪದ ನಗರಗಳು ಕಳೆಗುಂದಿದ್ದು ಕ್ರಿ.ಪೂ. 1900ರ ಸುಮಾರಿಗೆ. ನಮ್ಮ ಕಡೆಯ ಕಬ್ಬಿಣದ ಕಾಲದ ಸಮಾಧಿಗಳು ಅದಕ್ಕಿಂತ ನೂರಾರು ವರ್ಷ ಈಚಿನವು, ನಡುವಿನ ದಾರಿಯೂ ದೊಡ್ಡದು. ಆಕಾರ ಒಂದೇ ಆದ ಮಾತ್ರಕ್ಕೆ ಬಳಕೆಯೂ ಒಂದೇ ಎನ್ನಲಾಗದು. ಲಿಪಿ ಎನ್ನಬೇಕಾದರೆ ಗುರುತುಗಳು ಸಾಲಾಗಿ ನಿಂತು, ಒಂದೇ ಕ್ರಮದಲ್ಲಿ ಮರುಕಳಿಸಬೇಕು. ಮಡಕೆಗಳ ಮೇಲೆ ಹೆಚ್ಚಾಗಿ ಇರುವುದು ಒಂದೇ ಗುರುತು, ಇಲ್ಲವೇ ಎರಡು. ತಮಿಳುನಾಡಿನ ಸಾನೂರಿನಲ್ಲಿ ಮೂರು ಗುರುತುಗಳ ಒಂದೇ ಗುಂಪು ಹಲವು ಮಡಕೆಗಳ ಮೇಲೆ ಕಂಡಿದೆ. ಲಿಪಿಯ ಪಕ್ಷದವರ ಕೈಯಲ್ಲಿರುವ ಬಲವಾದ ಸಾಕ್ಷ್ಯಗಳಲ್ಲಿ ಅದು ಒಂದು. ಅದನ್ನು ತಳ್ಳಿಹಾಕುವಂತಿಲ್ಲ. ಒಂದು ಊರಿನ ಆ ಸಾಕ್ಷ್ಯವನ್ನು ಎಲ್ಲ ಊರಿನ ಗೀರುಗಳಿಗೂ ಹಚ್ಚುವುದು ಮಾತ್ರ ಸರಿಯಲ್ಲ.

‘ಲಿಪಿ’ ಎಂಬ ಪದದ ಬಗ್ಗೆ ನನಗಿರುವ ಮಮತೆಗೆ ಇನ್ನೊಂದು ಕಾರಣವಿದೆ. ಅದು ನಮ್ಮ ನೆಲದಲ್ಲಿ ಕಲ್ಲಿನ ಮೇಲೆಯೇ ನಿಂತಿರುವ ಪದ. ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬರೆದ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಹಾಕಿ, ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ವೀಲರ್ ಅಗೆದಾಗ ಗೀರುಗುರುತಿನ ಮಡಕೆ ಚೂರುಗಳೂ ಹೊರಬಂದವು. ಎರಡೆರಡು ಲಿಪಿ ಬಲ್ಲ ಆ ಲಿಪಿಕರನ ಕೆಲಸಕ್ಕೂ ಈ ಚೂರುಗಳ ಮೇಲಿನ ಒಂಟಿ ಏಣಿಗೂ ನಾವು ಒಂದೇ ಪದ ಬಳಸಿದರೆ ಮಕ್ಕಳಿಗೆ ಎರಡೂ ಅರ್ಥವಾಗುವುದಿಲ್ಲ.

ಇನ್ನು ‘ಗೀಚುಬರಹ’. ಗೀಚುವುದು ಎಂದರೆ ಕನ್ನಡದಲ್ಲಿ ಗಮನವಿಲ್ಲದೆ ಎಳೆಯುವುದು. ‘ಏನೋ ಗೀಚಿದ್ದಾನೆ’ ಎಂದರೆ ಅದು ಬೈಗುಳಕ್ಕೆ ಹತ್ತಿರ. ಸತ್ತವರ ಜೊತೆಗೆ ಇಡುವ ಮಡಕೆಯ ಭುಜದ ಮೇಲೆ, ಗಟ್ಟಿ ಮೆರುಗನ್ನು ಸೀಳಿ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಮೊನೆಯಾಡಿಸಿದ ಕೈ ಗೀಚಿತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಜೊತೆಗೆ ಆ ‘ಬರಹ’ ಹಿಂಬಾಗಿಲಿನಿಂದ ಲಿಪಿಯನ್ನೇ ಒಳಗೆ ತರುತ್ತದೆ. ‘ಸಂಕೇತ’ಕ್ಕೂ ಅದೇ ತೊಡಕು: ಹತ್ತು ಜನ ಕೂಡಿ ಒಪ್ಪಿಕೊಂಡ ಅರ್ಥವಿದ್ದರೆ ತಾನೇ ಅದು ಸಂಕೇತ? ‘ಚಿಹ್ನೆ’ ಅಷ್ಟು ಕೆಟ್ಟದ್ದಲ್ಲ, ಸಿಂಧೂ ಚಿಹ್ನೆ ಎಂಬ ಬಳಕೆ ರೂಢಿಯಲ್ಲಿದೆ. ಆ ಕಾರಣಕ್ಕೇ ಇದಕ್ಕೆ ಬೇರೆ ಪದ ಇರಲಿ ಎನ್ನುತ್ತೇನೆ.

ನನ್ನ ಸೂಚನೆ ‘ಗೀರುಗುರುತು’. ಗೀರು ಎಂದರೆ ಚೂಪಾದುದರಿಂದ ಎಳೆದ ಗೆರೆ, ಕೆಲಸ ಹೇಗಾಯಿತು ಎಂಬುದನ್ನಷ್ಟೇ ಹೇಳುತ್ತದೆ. ತಮಿಳಿನ ಕೀರಲ್, ತೆಲುಗಿನ ಗೀರು ಇದರ ಒಡಹುಟ್ಟುಗಳು, ಹಾಗಾಗಿ ನೆರೆಯವರ ಬರವಣಿಗೆಯನ್ನು ಓದುವಾಗಲೂ ಕೊಂಡಿ ತಪ್ಪುವುದಿಲ್ಲ. ಗುರುತು ಎಂಬುದು ಯಾರದು, ಏಕೆ ಎಂಬ ಪ್ರಶ್ನೆಯನ್ನು ತೆರೆದೇ ಇಡುತ್ತದೆ. ‘ಕುರುಹು’ ಎಂಬ ಚೆಲುವಾದ ಹಳೆಯ ಪದವೂ ಮನಸ್ಸಿಗೆ ಬಂದಿತ್ತು. ಆದರೆ ವಚನಗಳಲ್ಲಿ ಅದು ಇಷ್ಟಲಿಂಗಕ್ಕೂ ಸಲ್ಲುವ ಪದ, ಇಂದಿನ ಮಾತಿನಲ್ಲಿ ಸುಳಿವು ಎಂಬ ಅರ್ಥವೇ ಮುಂದು. ಕೆತ್ತು, ಕೊರೆ, ಕಂಡರಿಸು ಇವು ಕಲ್ಲಿನ ಕೆಲಸದ ಪದಗಳು. ನಮ್ಮ ಶಾಸನಗಳಲ್ಲೇ ‘ಬರೆದಂ’ ಒಬ್ಬ, ‘ಕಂಡರಿಸಿದಂ’ ಇನ್ನೊಬ್ಬ. ಆ ವಿವೇಕವನ್ನು ಮಡಕೆಯ ವಿಷಯದಲ್ಲೂ ಉಳಿಸಿಕೊಳ್ಳೋಣ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು ಕೇರಳದ ಎಡಕಲ್ಲು ಗುಹೆಯದು. ಕುಟ್ಟ ದಾಟಿದರೆ ವಯನಾಡು, ಕೊಡಗಿನವರು ಮಕ್ಕಳನ್ನು ಕರೆದುಕೊಂಡು ಹೋಗಿಬರುವ ಜಾಗ. ಅಲ್ಲಿ ಬಂಡೆಗಳ ಸಂದಿನ ಗೋಡೆಯ ಮೇಲೆ ಆಳವಾದ ಗೀರುಚಿತ್ರಗಳಿವೆ, ಅವುಗಳ ನಡುವೆ ಬ್ರಾಹ್ಮಿ ಅಕ್ಷರಗಳೂ ಇವೆ. 1890ರ ದಶಕದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಅವನ್ನು ಹೊರಲೋಕಕ್ಕೆ ತಿಳಿಸಿದರು. 2009ರಲ್ಲಿ ಇತಿಹಾಸಕಾರ ರಾಘವ ವಾರಿಯರ್ ಅಲ್ಲಿನ ಒಂದು ಚಿತ್ರ ಸಿಂಧೂ ಮುದ್ರೆಗಳ ‘ಪಾತ್ರೆ ಹಿಡಿದ ಮನುಷ್ಯ’ ಚಿಹ್ನೆಯಂತಿದೆ ಎಂದರು. ಕೂಡಲೇ ‘ಎಡಕಲ್ಲಿನಲ್ಲಿ ಸಿಂಧೂ ಲಿಪಿ’ ಎಂಬ ಮಾತು ಹಬ್ಬಿತು. ಗೋಡೆಯ ಮೇಲೆ ನಿಜವಾಗಿ ಓದಬಹುದಾದ ಬ್ರಾಹ್ಮಿ ಬರಹ ಪಕ್ಕದಲ್ಲೇ ಇದ್ದರೂ ಹೆಸರಾದದ್ದು ಓದಲಾಗದ ಆಕೃತಿ. ಅಲ್ಲಿಯ ಆಕೃತಿಗಳಿಗೆ ‘ಬಂಡೆಗೀರು’ ಎನ್ನಬಹುದೇ? ಬಂಡೆಚಿತ್ರ ಎಂದರೆ ಬಣ್ಣದ್ದು ಎಂಬ ಭಾವನೆ ಬರುತ್ತದೆ.

ಬಳಗದವರಲ್ಲಿ ನಾನು ಮುಖ್ಯವಾಗಿ ಕೇಳುವುದು ಜೀವಂತ ಬಳಕೆಯನ್ನು. ಕುಂಬಾರಿಕೆಯ ಮನೆತನದವರು ಇಲ್ಲಿದ್ದರೆ, ನಿಮ್ಮ ಮನೆಗಳಲ್ಲಿ ಹಸಿ ಮಡಕೆಗೆ ಗುರುತು ಹಾಕುವ ರೂಢಿ ಇತ್ತೇ, ಅದಕ್ಕೆ ಏನೆನ್ನುತ್ತಿದ್ದರು? ಒಂದೇ ಆವಿಗೆಯಲ್ಲಿ ಎರಡು ಮನೆಯ ಮಡಕೆ ಸುಡುವಾಗ ಯಾವುದು ಯಾರದೆಂದು ಹೇಗೆ ತಿಳಿಯುತ್ತಿತ್ತು? ಕೊಡಗಿನ ಕೊಯವ ಸಮುದಾಯದ ಹಿರಿಯರ ಮಾತು ಸಿಕ್ಕರೆ ನನಗೆ ಬಹಳ ಬೆಲೆಯುಳ್ಳದ್ದು. ಕೊಡವ ತಕ್ಕ್, ಅರೆಭಾಷೆ, ಎರವ, ಜೇನುಕುರುಬ ನುಡಿಗಳನ್ನು ಬಲ್ಲವರು ಮರಕ್ಕೆ, ದನಕ್ಕೆ, ಪಾತ್ರೆಗೆ ಹಾಕುವ ಗುರುತಿನ ಪದಗಳನ್ನು ತಿಳಿಸಬೇಕು. ದನಕ್ಕೆ ಕಾಸಿ ಹಾಕುವುದೂ ಕೈಯಿಂದ ಅಕ್ಷರ ಎಳೆಯುವುದೂ ಕನ್ನಡದಲ್ಲಿ ‘ಬರೆ’ಯೇ. ಈ ನುಡಿಗಳಲ್ಲೂ ಹಾಗೆಯೇ ಇದೆಯೇ, ಅಥವಾ ಎರಡಕ್ಕೂ ಬೇರೆ ಬೇರೆ ಪದಗಳಿವೆಯೇ?

ಫಲಕದ ಸಾಲನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಆ ಕಾಲದ ಕೆಲವು ಮಡಕೆಗಳ ಮೇಲೆ ಚೂಪಾದ ಮೊನೆಯಿಂದ ಎಳೆದ ಗೀರುಗುರುತುಗಳಿವೆ. ಅವು ಏನನ್ನು ಹೇಳುತ್ತವೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.’ ಗೀರುಗುರುತಿಗಿಂತ ಒಳ್ಳೆಯ ಪದ ನಿಮ್ಮ ಬಳಿ ಇದ್ದರೆ, ಅಥವಾ ಈ ಪದವನ್ನು ಬೇರೆ ಅರ್ಥದಲ್ಲಿ ಆಗಲೇ ಬಳಸಿದ್ದು ಕಂಡಿದ್ದರೆ, ದಯವಿಟ್ಟು ಬಳಕೆಯ ಸಾಲಿನ ಸಮೇತ ತಿಳಿಸಿ. ಫಲಕವನ್ನು ಅಚ್ಚಿಗೆ ಕೊಡುವುದನ್ನು ಅಲ್ಲಿಯವರೆಗೆ ತಡೆದಿರುತ್ತೇನೆ.