ಕಾಕಾನ ಟೊಂಕದ ನೋವು: ಎಷ್ಟೈತಿ ಅನ್ನೂದಕ್ಕಿಂತ ಎಲ್ಲೀಮಟಾ ಇಳದೈತಿ ನೋಡ್ರಿ

ಚಿಗವ್ವ, ನಿಮ್ಮ ಮೆಸೇಜ್ ಕೇಳಿದೆ. ಗ್ರೂಪಿನ್ಯಾಗ ಉಳದವ್ರಿಗೂ ಗೊತ್ತಾಗ್ಲಿ ಅಂತ ಒಂದ ಸಲ ಹೇಳತೇನಿ. ಹಾವೇರ್ಯಾಗ ಕಾಕಾ ಗೋವಿನಜ್ವಾಳದ ಚೀಲ ಎತ್ತೂವಾಗ ಟೊಂಕದಾಗ ಚಳಕ ಹೊಡದು ಹತ್ತ ದಿನ ಆತು. ನೋವು ಎಡಗಾಲಿನ ಮೀನಖಂಡದ ತನಕ ಇಳದೈತಿ. ಸ್ಕ್ಯಾನಿನ್ಯಾಗ ಎಲ್4-ಎಲ್5 ಡಿಸ್ಕ್, ಅಂದ್ರ ಟೊಂಕದ ನಾಲ್ಕನೇ ಐದನೇ ಮೂಳಿ ನಡುವಿನ ಮೆತ್ತನ್ನ ಗಾದಿ, ಉಬ್ಬೈತಿ ಅಂತ ಬಂದೈತಿ. ದೊಡ್ಡಪ್ಪಾರು ಹಲಗಿ ಮ್ಯಾಲ ಮೂರ ವಾರ ಮಲಗಸ್ರಿ, ಬೆಲ್ಟ್ ಕಟ್ರಿ ಅಂದಾರ. ನರ ಎಳಿಯೋರ ಕಡೆ ಕರ್ಕೊಂಡ ಹೋಗ್ರಿ ಅಂತನೂ ಒಬ್ರು ಹಾಕ್ಯಾರ. ನಂದು ಸ್ವಲ್ಪ ಉದ್ದ ಆಗತೈತಿ, ಕಾಕಾನ್ನ ಬಾಜೂಕ ಕೂಡಿಸ್ಕೊಂಡ ಕೇಳ್ರಿ.

ಮದ್ಲ ತಡಾ ಮಾಡಬಾರದ್ದು ಯಾವದು ಅಂತ ಹೇಳಿಬಿಡತೇನಿ. ಒಂದಕ್ಕ ಕಟ್ಟೂದು ಇಲ್ಲಾ ಗೊತ್ತಾಗದಂಗ ಹೋಗೂದು, ಸಂಡಾಸಿನ ಹಿಡಿತ ತಪ್ಪೂದು, ಸೈಕಲ್ ಸೀಟಿಗೆ ತಾಗೂ ಜಾಗಾ ಜೋಮು ಹಿಡಿಯೂದು, ಇದ್ರಾಗ ಒಂದ ಕಂಡ್ರೂ ಮುಂಜಾನಿ ತನಕ ಕಾಯಬ್ಯಾಡ್ರಿ. ಆ ರಾತ್ರಿನ ಹುಬ್ಬಳ್ಳಿ ಕಿಮ್ಸ್‌ನಂಥ ದೊಡ್ಡ ದವಾಖಾನಿಗೆ ಹೋಗಬೇಕು. ಬೆನ್ನಿನ ಕೆಳಗಿನ ನರಗಳ ಕಟ್ಟ ಒತ್ತಿಗೆ ಸಿಕ್ಕಿರತೈತಿ, ತಡಾ ಆದಷ್ಟು ಹೋದ ಶಕ್ತಿ ಹೊಳ್ಳಿ ಬರೂದು ಕಷ್ಟ. ಇನ್ನೊಂದು, ಕಾಕಾನ್ನ ಗ್ವಾಡಿ ಹಿಡಕೊಂಡ ಹಿಮ್ಮಡದ ಮ್ಯಾಲ ಹತ್ತ ಹೆಜ್ಜಿ ನಡಸ್ರಿ, ಆಮ್ಯಾಲ ತುದಿಗಾಲಿನ ಮ್ಯಾಲ ಹತ್ತ ಹೆಜ್ಜಿ. ಎಡಪಾದದ ಮುಂಭಾಗ ಎತ್ತಾಕ ಬರವಲ್ದು, ಇಲ್ಲಾ ಹಿಮ್ಮಡ ನೆಲ ಬಿಡವಲ್ದು ಅಂದ್ರ ಅವತ್ತ ಡಾಕ್ಟ್ರಿಗೆ ತೋರಸ್ರಿ. ಸಂಜಿ ಸಂಜಿ ಜ್ವರ ಬರೂದು, ಮೈ ಇಳಿಯೂದು, ಹೆಂಗ ಮಲಗಿದ್ರೂ ರಾತ್ರಿ ನೋವು ಬಿಡದಿರೂದು ಇದ್ರ ಬೆನ್ನಮೂಳಿ ಟಿಬಿ ಹಿಡದು ಬ್ಯಾರೆ ಕಾರಣ ನೋಡಬೇಕಾಗತೈತಿ. ಇವ್ಯಾವೂ ಇಲ್ಲಂದ್ರ ಮುಂದಿಂದು ಕೇಳ್ರಿ.

ಸ್ಕ್ಯಾನ್ ರಿಪೋರ್ಟ್ ಓದಿ ಕಾಕಾ ಆಪರೇಷನ್ ಅಂತ ಎದಿ ಒಡಕೊಂಡಾರ, ಅದ ನನಗ ಭಾಳ ಸಂಕಟ. 2015ರಾಗ ನೋವ ಇಲ್ಲದ ಮೂರ ಸಾವಿರಕ್ಕೂ ಹೆಚ್ಚು ಮಂದಿ ಸ್ಕ್ಯಾನ್ ಕೂಡಿಸಿ ನೋಡಿದ್ರು. 50ರ ವಯಸ್ಸಿನವರೊಳಗ ನೂರಕ್ಕ 60 ಮಂದಿಗೆ ಡಿಸ್ಕ್ ಉಬ್ಬಿತ್ತು, ಅವರಿಗೆ ನೋವ ಇರಲಿಲ್ಲ. ಅಂದ್ರ ಉಬ್ಬಿದ್ದೊಂದ ನೋಡಿ ಏನೂ ತೀರ್ಮಾನ ಮಾಡಾಕ ಬರೂದಿಲ್ಲ. ಕಾಲಿಗೆ ಇಳದ ನೋವು ಭಾಳ ಮಂದಿಗೆ ಆರರಿಂದ ಹನ್ನೆರಡ ವಾರದಾಗ ಇಳೀತೈತಿ, ಹೊರಗ ಬಂದ ಡಿಸ್ಕಿನ ಭಾಗಾನ ದೇಹ ತಾನ ಕರಗಿಸ್ಕೋತೈತಿ. ನಾವು ಅದಕ್ಕ ಅಡ್ಡಿ ಮಾಡಬಾರದು, ಅಷ್ಟ.

ಅಡ್ಡಿ ಅಂದ್ರ ಏನು? ಹೋಳಗಿ ಒಂದ ಬದಿ ಒತ್ತಿದ್ರ ಹೂರಣ ಇನ್ನೊಂದ ಬದಿ ನುಗ್ಗತೈತಿ ನೋಡ್ರಿ, ಡಿಸ್ಕೂ ಹಂಗ. ಮುಂದ ಬಗ್ಗಿದಾಗ ಅದರ ಮುಂಭಾಗ ಒತ್ತತೈತಿ, ಒಳಗಿನ ಮೆತ್ತನ್ನ ಭಾಗ ಹಿಂದ, ನರದ ಕಡೆ ಸರೀತೈತಿ. ಅದಕ್ಕ ಕುಂತಾಗ, ಬಗ್ಗಿದಾಗ, ಸೀನಿದಾಗ ಕಾಕಾಗ ಕಾಲ ಸೆಳೀತೈತಿ. ಮುಂಜಾನೆ ಎದ್ದ ಹೊತ್ತಿಗಂತೂ ಡಿಸ್ಕ್ ರಾತ್ರೆಲ್ಲಾ ನೀರ ಹೀರಿ ದಪ್ಪಗ ಇರತೈತಿ. ಎದ್ದ ಮ್ಯಾಲ ಒಂದ ತಾಸ ಬಗ್ಗಿ ಕೊಡ ಎತ್ತೂದು, ದನದ ಕೆಳಗ ಕೂಡ್ರೂದು, ಕಾಲಬೆರಳ ಮುಟ್ಟೂ ಯೋಗಾಸನ ಯಾವದೂ ಬ್ಯಾಡ. ನರ ಬಿಗದೈತಿ ಅಂತ ಕಾಲ ಚಾಚಿ ಎಳದು ಎಳದು ಹಿಗ್ಗಸತಾರಲ್ಲ, ಕೆರಳಿದ ನರಾನ ಮತ್ತ ಕೆರಳಿಸಿದಂಗ ಅದು.

ಈಗ ಮುಖ್ಯ ಮಾತು. ನೋವು ಎಷ್ಟ ಜೋರ ಐತಿ ಅನ್ನೂದಕ್ಕಿಂತ ಕಾಲಿನ್ಯಾಗ ಎಲ್ಲೀಮಟಾ ಇಳದೈತಿ ಅನ್ನೂದನ್ನ ನೋಡಕೋತ ಹೋಗ್ರಿ. ಮೀನಖಂಡದಾಗಿದ್ದದ್ದು ತೊಡಿಗೆ ಬಂತು, ತೊಡಿಯಿಂದ ಕುಂಡಿಗೆ ಬಂತು ಅಂದ್ರ ಟೊಂಕದಾಗ ತುಸು ಹೆಚ್ಚ ಅನಿಸಿದ್ರೂ ಅದು ಒಳ್ಳೇ ಲಕ್ಷಣ. ಟೊಂಕ ಹಗುರಾಗಿ ಪಾದಕ್ಕ ಇಳೀತು ಅಂದ್ರ, ಆಗ ಮಾಡಿದ್ದು ಯಾವದ ಇರ್ಲಿ, ತಪ್ಪು.

ಇದನ್ನ ಪರೀಕ್ಷಾ ಮಾಡೂ ಕಸರತ್ತು ಹಿಂಗ. ನೆಲದ ಮ್ಯಾಲ ಎರಡ ಕೌದಿ ಹಾಸಿ ಬೋರಲ ಮಲಗ್ರಿ, ಎರಡ ಮೂರ ನಿಮಿಷ ಸುಮ್ನ. ಆಮ್ಯಾಲ ಮೊಣಕೈ ಊರಿ ಎದಿ ಎತ್ತಿ ಮತ್ತ ಎರಡ ಮೂರ ನಿಮಿಷ. ಕಾಲಿನ ನೋವು ಕೆಳಗ ಇಳೀಲಿಲ್ಲಂದ್ರ ಅಂಗೈ ಭುಜದ ಕೆಳಗ ಇಟ್ಟು ತೋಳ ಚಾಚಿ ಮೈ ಮ್ಯಾಲೆತ್ತೂದು, ಒಂದೆರಡ ಸೆಕೆಂಡ ನಿಂತು ಕೆಳಗ ಬರೂದು, ಹತ್ತ ಸಲ. ಎರಡ ಮೂರ ತಾಸಿಗೊಮ್ಮೆ ಮಾಡಬೇಕು. ಭಾಳ ಮಂದಿ ಭುಜಂಗಾಸನ ಅಂತ ತಿಳಕೊಂಡು ಬೆನ್ನಿನ ಶಕ್ತಿಲೆ ಎತ್ತತಾರ, ಅಲ್ಲೇ ತಪ್ಪತೈತಿ. ಕೆಲಸ ತೋಳಿಂದು. ಬೆನ್ನು, ಕುಂಡಿ ಸಡ್ಲ ಬಿಟ್ಟಿರಬೇಕು, ಟೊಂಕ ನೆಲದ ಕಡೆ ಜೋತ ಬಿದ್ದಿರಬೇಕು, ಉಸರ ಬಿಗಿ ಹಿಡೀಬಾರದು. ಮೊದಲನೇ ದಿನ ಅರ್ಧ ಎದ್ರೂ ಸಾಕು. ಮೀನಖಂಡದ ನೋವು ಹೆಚ್ಚಾಗಿ, ಮಾಡೂದು ಬಿಟ್ಟ ಮ್ಯಾಲೂ ಹಂಗ ಉಳೀತು ಅಂದ್ರ ನಿಲ್ಲಿಸಿ ಫಿಸಿಯೋ (ಕಸರತ್ತಿನ ಚಿಕಿತ್ಸಾ ಕೊಡೋರು) ಕಡೆ ಹೋಗ್ರಿ.

ಒಂದ ಎಚ್ಚರಿಕಿ: ಇದನ್ನ ಹಂಗ ಅಮ್ಮನ ಕಡೆ ಮಾಡಸಬ್ಯಾಡ್ರಿ. ಆಕಿಗೆ ನಡದಾಗ ಎರಡೂ ಕಾಲ ಭಾರ ಆಗಿ, ಕುಂತ್ರ ಇಲ್ಲಾ ಮುಂದ ಬಾಗಿದ್ರ ಹಗುರ ಆಗತೈತಿ ಅಂತೀರಿ. ವಯಸ್ಸಾದವರೊಳಗ ನರದ ಹಾದಿ ಇಕ್ಕಟ್ಟಾದಾಗ ಹಿಂಗ ಆಗತೈತಿ, ಹಿಂದ ಬಾಗಿದ್ರ ಅವರಿಗೆ ಇನ್ನಷ್ಟ ತ್ರಾಸು. ಅಂಥವರಿಗೆ ಅಂಗಾತ ಮಲಗಿ ಮೊಣಕಾಲ ಎದಿಗೆ ತರೂದು ಹೊಂದತೈತಿ.

ದೊಡ್ಡಪ್ಪಾರ, ಸಿಟ್ಟಾಗಬ್ಯಾಡ್ರಿ, ಹಲಗಿ ಮ್ಯಾಲ ಮೂರ ವಾರ ಅನ್ನೂದನ್ನ ಈಗ ಯಾರೂ ಹೇಳೂದಿಲ್ಲ. ತೀರಾ ತಡಿಯಾಕ ಆಗದಿದ್ರ ಒಂದೆರಡ ದಿನ, ಅದೂ ನಡನಡುವ ಎದ್ದು ಅಡ್ಡಾಡಕೋತ. ಹೆಚ್ಚ ಮಲಗಿದ್ರ ಸ್ನಾಯು ಸೋಲತಾವು, ಚಲನಿಯ ಅಂಜಿಕಿ ಬೆಳೀತೈತಿ. ಬೆಲ್ಟಿಂದೂ ಹಂಗ. ಈಗ ಒಂದ ದಿನ ಹುಬ್ಬಳ್ಳಿಗೆ ಬಸ್ಸಿನ್ಯಾಗ ಬರೂವಾಗ ಕಟ್ಟಿದ್ರ ನಡೀತೈತಿ. ದಿನಾ ಕಟ್ಟೂದು ರೂಢಿ ಆಗಬಾರದು. ಭಾಳ ದಿನದ ಟೊಂಕನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರದಾಗ ಕೊಟ್ಟ ಮಾರ್ಗಸೂಚಿಯೊಳಗ ಬೆಲ್ಟ್, ಟ್ರ್ಯಾಕ್ಷನ್ (ತೂಕ ಇಲ್ಲಾ ಮಷೀನಿನಿಂದ ಟೊಂಕ ಜಗ್ಗೂದು) ಎರಡನ್ನೂ ರೂಢಿಯಂಗ ಕೊಡಬ್ಯಾಡ್ರಿ ಅಂದಾರ, ವ್ಯಾಯಾಮ ಮತ್ತ ತಿಳುವಳಿಕಿ ಕೊಡ್ರಿ ಅಂದಾರ. ನರ ಎಳಿಯೋರ ಕಡೆ ಮಾತ್ರ ಕಾಲ ಜಗ್ಗಸಬ್ಯಾಡ್ರಿ, ಬೆನ್ನ ತುಳಸಬ್ಯಾಡ್ರಿ. ಒತ್ತಿಗೆ ಸಿಕ್ಕ ನರಕ್ಕ ಝಟಕಾ ಕೊಟ್ಟು ಕಾಲಿನ ಶಕ್ತಿ ಕಳಕೊಳ್ಳೂದು ಬ್ಯಾಡ.

ಶಾಖ ಕೊಡ್ರಿ, ಬಿಸಿನೀರಿನ ಚೀಲಕ್ಕ ಟಾವೆಲ್ ಸುತ್ತಿ 15-20 ನಿಮಿಷ. ನೋವಿನ ಗುಳಿಗಿ ಮೆಡಿಕಲ್ ಅಂಗಡ್ಯಾಗ ಕೇಳಿ ದಿನಾ ನುಂಗೂದು ಬ್ಯಾಡ. ಕಾಕಾಗ ಬಿಪಿ ಐತಿ, ಡೈಕ್ಲೊಫೆನಾಕ್‌ನಂಥವು ಬಿಪಿ ಏರಸತಾವು, ಕಿಡ್ನಿಗೂ ಹೊಟ್ಟಿಗೂ ತ್ರಾಸ ಕೊಡತಾವು. ಡಾಕ್ಟ್ರು ಬರದಷ್ಟು ದಿನ, ಊಟ ಆದಮ್ಯಾಲ. ಒಂದ ನಾಲ್ಕ ವಾರ ಸಂಡಾಸಕ್ಕ ಕಮೋಡ್ ಇಲ್ಲಾ ಕಮೋಡ್ ಖುರ್ಚಿ. ಕೂಡ್ರೂವಾಗ ಟೊಂಕದ ಹಿಂದ ಸುತ್ತಿದ ಟಾವೆಲ್, ಅರ್ಧ ತಾಸಿಗೊಮ್ಮೆ ಏಳೂದು. ಬೈಕ್ ಸದ್ಯಕ್ಕ ಬ್ಯಾಡ. ಬಸ್ಸಿನ್ಯಾಗ ಹಿಂದಿನ ಸೀಟ ಹಿಡೀಬ್ಯಾಡ್ರಿ, ಗುಂಡಿ ಬಂದ್ರ ಅಲ್ಲೇ ಜಾಸ್ತಿ ಎತ್ತಿ ಒಗೀತೈತಿ.

ನೋವು ಮೊಣಕಾಲಿನ ಮ್ಯಾಲ ಬಂದು ನಿಂತ ಮ್ಯಾಲ ಬಲ ತುಂಬೂ ಕಸರತ್ತು. ಅಂಬೆಗಾಲಿನ್ಯಾಗ ನಿಂತು ಎಡಗೈ ಮುಂದ, ಬಲಗಾಲ ಹಿಂದ ಚಾಚಿ 8-10 ಸೆಕೆಂಡ ಹಿಡಿಯೂದು, ಆಮ್ಯಾಲ ಬದಲಿ. ಒಂದೊಂದ ಬದಿಗೆ ಆರ ಸಲ, ತುಸು ಬಿಟ್ಟು ನಾಲ್ಕ, ಮತ್ತ ಎರಡ. ಕಾಲ ಬೆನ್ನಿನ ಮಟ್ಟಕ್ಕಿಂತ ಮ್ಯಾಲ ಹೋದ್ರ ಟೊಂಕ ಕುಸೀತೈತಿ. ಬೆನ್ನ ಮ್ಯಾಲ ನೀರ ತುಂಬಿದ ತಾಟ ಇಟ್ರೂ ಚೆಲ್ಲಬಾರದಂಗ ಇರ್ಲಿ. ಜೋಡಿಗೆ ಮೊಣಕೈ, ಮೊಣಕಾಲ ಊರಿ ಪಕ್ಕಕ್ಕ ಮೈ ಎತ್ತೂದು, ಅದೂ ಅಷ್ಟ ಹೊತ್ತ. ಅಂಗಾತ ಮಲಗಿ ಪೂರ್ತಿ ಎದ್ದು ಕೂಡ್ರೂ ಹೊಟ್ಟಿ ಕಸರತ್ತು ಬ್ಯಾಡ್ರಿ, ಡಿಸ್ಕಿನ ಮ್ಯಾಲ ಒತ್ತಡ ಜಾಸ್ತಿ.

ಚೀಲ ಎತ್ತೂದು ಕಾಕಾ ಬಿಡೂದಿಲ್ಲ, ಬಿಡ್ರಿ ಅಂತ ನಾನೂ ಹೇಳೂದಿಲ್ಲ. ಆದ್ರ ಬಗ್ಗೂದು ಕಲೀಬೇಕು. ಒಂದ ಬಡಿಗಿ ಬೆನ್ನಿಗೆ ಹಚ್ಚಿ ಹಿಡೀರಿ: ತೆಲಿ, ಬೆನ್ನಿನ ನಡುಭಾಗ, ಬಾಲಮೂಳಿ, ಮೂರೂ ಕಡೆ ತಾಗಬೇಕು. ಮೊಣಕಾಲ ತುಸು ಮಡಚಿ, ಕುಂಡಿ ಹಿಂದ ಸರಿಸಿ ಬಾಗ್ರಿ. ಬಡಿಗಿ ಒಂದ ಕಡೆ ಬಿಡ್ತು ಅಂದ್ರ ಟೊಂಕದಿಂದ ಬಗ್ಗಿದ್ರಿ ಅಂತ. ಚೀಲ ಮೈಗೆ ಹತ್ತಿಕೊಂಡಿರ್ಲಿ, ಎತ್ತಿಕೊಂಡು ಟೊಂಕ ತಿರುವಬಾರದು, ಪಾದ ತಿರುಗಿಸಿ ಹೊಳ್ಳಬೇಕು. ಚಿಗವ್ವ, ಇದು ನೀವೂ ಕಲೀರಿ. ಗಂಟೆಗಟ್ಟಲೆ ಮಣಿ ಮ್ಯಾಲ ಕುಂತು ರೊಟ್ಟಿ ಬಡಿಯೂವಾಗ ನಿಮ್ಮ ಬೆನ್ನೂ ಹಂಗ ಬಾಗಿರತೈತಿ. ಒಲಿ ಕಟ್ಟಿ ಮ್ಯಾಲ ಬಂದ್ರ ಅರ್ಧ ಭಾರ ಇಳೀತೈತಿ.

ನೋವು ಮರುಕಳಿಸಬಾರದು ಅಂದ್ರ ನಡಿಗಿ. ಆಸ್ಟ್ರೇಲಿಯಾದಾಗ 701 ಮಂದಿ ಮ್ಯಾಲ ನಡೆಸಿದ ಅಧ್ಯಯನ 2024ರಾಗ ಲ್ಯಾನ್ಸೆಟ್ ಪತ್ರಿಕಾದಾಗ ಬಂತು. ಫಿಸಿಯೋ ಮಾರ್ಗದರ್ಶನದಾಗ ನಡದವರಿಗೆ ನೋವು ಹೊಳ್ಳಿ ಬರಾಕ ಮಧ್ಯಮ ಲೆಕ್ಕದಾಗ 208 ದಿನ ಹಿಡೀತು, ಉಳದವರಿಗೆ 112. ಗುರಿ ವಾರಕ್ಕ ಐದ ದಿನ, ದಿನಕ್ಕ 30 ನಿಮಿಷ. ಕಾಕಾ ಈಗ ಐದ ಐದ ನಿಮಿಷ ಮೂರ ಸಲ ಸುರು ಮಾಡ್ಲಿ, ಸಪಾಟ ಜಾಗಾದಾಗ. ಇಲ್ಲಿ ಹುಬ್ಬಳ್ಳಿಗೆ ಬಂದಾಗ ಉಣಕಲ್ ಕೆರಿ ದಂಡಿ ಸಾಕು, ನೃಪತುಂಗ ಬೆಟ್ಟ ಈಗ ಬ್ಯಾಡ.

ಫಿಸಿಯೋ ಹುಡುಕೂವಾಗ ಫಿಸಿಯೋಥೆರಪಿ ಪದವಿ, ಅಂದ್ರ ಬಿಪಿಟಿ ಇಲ್ಲಾ ಎಂಪಿಟಿ ಓದ್ಯಾರೇನು ಕೇಳ್ರಿ. ಹಾವೇರಿ ಜಿಲ್ಲಾ ಆಸ್ಪತ್ರ್ಯಾಗ ವಿಚಾರಸ್ರಿ, ಇಲ್ಲಾ ಧಾರವಾಡದ ಹಂತ್ಯಾಕ ಸತ್ತೂರಿನ ಎಸ್‌ಡಿಎಂದಾಗ ಫಿಸಿಯೋಥೆರಪಿ ಕಾಲೇಜ ಐತಿ. ಒಳ್ಳೇವ್ರು ಮದ್ಲ ಕಾಲ ನೆಟ್ಟಗ ಎತ್ತಿ ನೋಡತಾರ, ಮೊಣಕಾಲಿಗೆ ಹಿಮ್ಮಡಕ್ಕ ಸುತ್ತಗಿ ಬಡದು ನೋಡತಾರ, ಹೆಬ್ಬೆರಳಿನ ಬಲ ನೋಡತಾರ, ಯಾವ ಕಡೆ ಬಾಗಿದ್ರ ನೋವು ಸರೀತೈತಿ ಅಂತ ಪರೀಕ್ಷಾ ಮಾಡತಾರ. ಬರೇ ಕರೆಂಟ್ ಮಷೀನ್ ಹಚ್ಚಿ ಹತ್ತ ದಿನ ಬರ್ರಿ ಅಂದು ಮನಿಗೆ ಒಂದೂ ಕಸರತ್ತು ಕೊಡಲಿಲ್ಲಂದ್ರ ಬ್ಯಾರೆ ಕಡೆ ತೋರಸ್ರಿ. ಆರ ವಾರ ಸರಿಯಾಗಿ ಮಾಡಿದ ಮ್ಯಾಲೂ ಕಾಲಿನ ನೋವು ಜೋರ ಉಳದ್ರ ಬೆನ್ನಮೂಳಿ ಸರ್ಜನ್ ಕಡೆ ಮಾತಾಡೂಣು. ಆಪರೇಷನ್ ಕಾಲಿನ ನೋವಿಗೆ ಚಲೋ ಫಲ ಕೊಡತೈತಿ, ಬರೇ ಟೊಂಕನೋವಿಗೆ ಅಷ್ಟ ಅಲ್ಲ.

ಹೋಗೂವಾಗ ಸ್ಕ್ಯಾನ್ ರಿಪೋರ್ಟು, ಬಿಪಿ ಗುಳಿಗಿ ಚೀಟಿ ತಗೊಂಡ ಹೋಗ್ರಿ. ಕಾಕಾಗ ಧೋತ್ರ ಬ್ಯಾಡ, ಸಡ್ಲ ಪಾಯಜಾಮ ಹಾಕಸ್ರಿ, ಕಾಲ ಎತ್ತಿ ನೋಡಾಕ ಅನುಕೂಲ ಆಗತೈತಿ.